ಫೆಬ್ರವರಿಯಲ್ಲೊಂದು ಝೂ, ಸೂರಿನ ಕೆಳಗೊಂದು ಸಮುದ್ರ

ಕೊಲಂಬಸ್, ಒಹಾಯೊ, ಅಮೆರಿಕ

ಪ್ರಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡೋಕೆ ಆಗಲಿಲ್ಲ. ನನ್ನ ಬೆನ್ನ ಹಿಂದೆ ನಮ್ಮ ಮಕ್ಕಳೆರಡೂ ರಿಮೋಟಿಗಾಗಿ ಕಿತ್ತಾಡುತ್ತಿದ್ದವು, ನಿನಗೂ ಕೇಳಿಸಿರಬೇಕು. "ಮುಂದಿನ ಚಳಿಗಾಲಕ್ಕೆ ಆಫೀಸಿನವರು ನಮ್ಮನ್ನೂ ಅಲ್ಲಿಗೇ ಹಾಕ್ತಾರಂತೆ ಕಣೋ, ಆ ಹಿಮದಲ್ಲಿ ಮಕ್ಕಳನ್ನ ಕಟ್ಟಿಕೊಂಡು ಏನು ಮಾಡೋದು?" ಅಂದೆಯಲ್ಲ, ಆ ಕಿತ್ತಾಟವೇ ಅದಕ್ಕೆ ಅರ್ಧ ಉತ್ತರ. ಇನ್ನರ್ಧ ಈ ಪತ್ರದಲ್ಲಿದೆ. ಬರೋರು ಬೇರೆಯವರೂ ಇರುತ್ತಾರೆ ಅಂತ ಎಲ್ಲರೂ ಓದೋ ಹಾಗೆ ಹಾಕುತ್ತಿದ್ದೇನೆ, ಬೈಬೇಡ.

ಇಲ್ಲಿ ಚಳಿಗಿಂತ ಕಷ್ಟ ಅಂದ್ರೆ ಬೂದು ಬಣ್ಣ. ಜನವರಿಯಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು. ಮಕ್ಕಳನ್ನು ಹೊರಗೆ ಬಿಡಬೇಕಾದರೆ ಜಾಕೆಟ್ಟು, ಟೋಪಿ, ಗ್ಲೌಸು, ಬೂಟು ಅಂತ ಮದುಮಗನ ಅಲಂಕಾರ. ಎಲ್ಲಾ ಆದಮೇಲೆ ಸಣ್ಣವನು "ಸುಸ್ಸು" ಅನ್ನುತ್ತಾನೆ. ಫೆಬ್ರವರಿ ಬರುವ ಹೊತ್ತಿಗೆ ಮನೆ ಅನ್ನೋದು ಪ್ರೆಶರ್ ಕುಕ್ಕರ್ ಆಗಿರುತ್ತದೆ. ಅಮ್ಮ ಬೇರೆ ಈ ಸಲ ಚಳಿಗಾಲದಲ್ಲೇ ಬಂದು ಕೂತಿದ್ದಾಳೆ. "ಕಿಟಕಿಯಿಂದ ನೋಡಿದರೆ ಒಂದು ನರಪಿಳ್ಳೆ ಕಾಣಲ್ಲವಲ್ಲೋ" ಅಂತ ದಿನಾ ಒಂದು ಸಲ ಹೇಳುತ್ತಾಳೆ. ಹಾಗಾಗಿ ಒಂದು ಶನಿವಾರ ಬೆಳಿಗ್ಗೆ ಪುಳಿಯೋಗರೆ ಕಲಸಿ, ಚಪಾತಿ ಸುತ್ತಿ, ಎಲ್ಲರನ್ನೂ ಕಾರಿಗೆ ತುಂಬಿಕೊಂಡು ಸಿನ್ಸಿನಾಟಿ ಊರಿನ ಝೂ ಕಡೆ ಹೊರಟೆವು. ಇಂಟರ್‌ಸ್ಟೇಟ್ 71 ಹೆದ್ದಾರಿ ಹಿಡಿದರೆ ಹೆಚ್ಚು ಕಡಿಮೆ ಎರಡು ಗಂಟೆ ದಾರಿ. ನೋಡೋಕೆ ಏನೂ ಇಲ್ಲ. ಕೊಯ್ದ ಜೋಳದ ಹೊಲ, ಅದಾದಮೇಲೆ ಇನ್ನೊಂದು ಕೊಯ್ದ ಜೋಳದ ಹೊಲ.

"ಚಳಿಯಲ್ಲಿ ಝೂಗೆ ಯಾರು ಹೋಗ್ತಾರೆ?" ಅಂತ ನೀನು ಕೇಳ್ತೀಯ. ಯಾರೂ ಹೋಗಲ್ಲ, ಅದಕ್ಕೇ ಹೋಗಬೇಕು. ಬೇಸಿಗೆಯಲ್ಲಿ ಅಲ್ಲಿ ಸ್ಟ್ರೋಲರ್‌ಗಳ ಜಾತ್ರೆ. ಜನವರಿಯಿಂದ ಮಾರ್ಚ್ ನಡುವೆ ಹೋದರೆ ಟಿಕೆಟ್ ಅಗ್ಗ, ದಾರಿ ಖಾಲಿ. ಈ ದಿನಗಳಿಗೆ 'ಪೆಂಗ್ವಿನ್ ಡೇಸ್' ಅಂತ ಹೆಸರಿಟ್ಟಿದ್ದಾರೆ. ಚಳಿ ಸಾಕಷ್ಟಿದ್ದರೆ ಕಿಂಗ್ ಪೆಂಗ್ವಿನ್‌ಗಳನ್ನು ಗೂಡಿನಿಂದ ಹೊರಗೆ ಕರೆತಂದು ಜನರ ಮಧ್ಯೆ ದಾರಿಯಲ್ಲೇ ನಡೆಸುತ್ತಾರೆ. ನನ್ನ ಮಗ ಇದ್ದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಒಂದು ಪೆಂಗ್ವಿನ್ ಅವನ ಮುಂದೆ ನಿಂತು, ಕತ್ತು ಓರೆ ಮಾಡಿ ಬೂಟಿನ ಲೇಸನ್ನು ಸ್ವಲ್ಪ ಹೊತ್ತು ನೋಡಿತು. ಆಮೇಲೆ ತನಗೆ ಬೇರೆ ಕೆಲಸ ಇದೆ ಅನ್ನೋ ಹಾಗೆ ಮುಂದೆ ಹೋಯಿತು. ಅಷ್ಟೇ. ಅವನು ಅದನ್ನು ಇವತ್ತಿಗೂ ಸ್ಕೂಲಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದಾನೆ.

ಮಗಳಿಗೆ ಮಾತ್ರ ಬೇಕಾಗಿದ್ದದ್ದು ಫಿಯೋನಾ. ಗೊತ್ತಲ್ವಾ, ಆ ನೀರಾನೆ ಮರಿ? ಈಗ ಮರಿ ಅನ್ನೋ ಹಾಗಿಲ್ಲ ಬಿಡು. 2017ರ ಜನವರಿ 24ಕ್ಕೆ ಹುಟ್ಟಿದ್ದು, ದಿನ ತುಂಬುವ ಮೊದಲೇ, ಆರು ವಾರ ಮುಂಚೆ. ತೂಕ ಬರೀ 13 ಕಿಲೋ. ನೀರಾನೆ ಮರಿ ಅಂದ್ರೆ ಕಡಿಮೆ ಅಂದರೂ 25 ಕಿಲೋ ಇರಬೇಕು. ನಿಲ್ಲೋಕೂ ತ್ರಾಣ ಇರಲಿಲ್ಲ. ಝೂ ಸಿಬ್ಬಂದಿ ಹಗಲೂ ರಾತ್ರಿ ಬಾಟಲಿ ಹಾಲು ಕುಡಿಸಿದರು. ಮೈಯಲ್ಲಿ ನೀರಿನಂಶ ಕಡಿಮೆಯಾಗಿ, ಡ್ರಿಪ್ ಹಾಕೋಣ ಅಂದರೆ ನರವೇ ಸಿಗಲಿಲ್ಲವಂತೆ. ಆಗ ಅದೇ ಊರಿನ ಮಕ್ಕಳ ಆಸ್ಪತ್ರೆಯಿಂದ, ದಿನ ತುಂಬದ ಕೂಸುಗಳಿಗೆ ಸೂಜಿ ಚುಚ್ಚಿ ಕೈ ಪಳಗಿದವರನ್ನು ಕರೆಸಿದರು. ಅವರು ಬಂದು ಡ್ರಿಪ್ ಹಾಕಿದ ಮೇಲೆ ಮರಿ ಬದುಕಿತು. ಈ ಕತೆಯನ್ನು ಕಾರಿನಲ್ಲಿ ಕೇಳಿ ಅಮ್ಮ "ಪಾಪ, ಏಳು ತಿಂಗಳ ಕೂಸು ಉಳಿದ ಹಾಗೆ" ಅಂದಳು. ಆದರೆ ನಾವು ಹೋದ ದಿನ ಫಿಯೋನಾ ಹೊರಗೆ ಬಂದಿರಲಿಲ್ಲ. ಆ ಚಳಿಗೆ ನೀರಾನೆಗಳನ್ನು ಒಳಗೇ ಇಟ್ಟಿದ್ದರು. ಮಗಳು ಖಾಲಿ ಕೊಳದ ಗಾಜಿಗೆ ಮೂಗು ಒತ್ತಿ ನಿಂತಳು, ಅಲ್ಲಿಂದ ಕದಲಿಸೋಕೆ ಬಿಸಿ ಚಾಕೊಲೇಟ್ ಬೇಕಾಯಿತು. ನಿನ್ನ ಮಗಳಿಗೆ ಮೊದಲೇ ಹೇಳಿಡು, ಚಳಿಗಾಲದಲ್ಲಿ ಆಫ್ರಿಕಾದ ಪ್ರಾಣಿಗಳೆಲ್ಲ ಸಿಗ್ತವೆ ಅನ್ನೋ ಭರವಸೆ ಇಲ್ಲ.

ನನ್ನ ಮಗಳ ಮುಖ ಸರಿಹೋದದ್ದು ಮ್ಯಾನಟೀ ಮನೆಯಲ್ಲಿ. ಕಡಲಹಸು ಅಂತೀವಲ್ಲ, ಆ ಜಾತಿ. ಫ್ಲಾರಿಡಾದಲ್ಲಿ ದೋಣಿಗೆ ಸಿಕ್ಕಿಯೋ, ನೀರು ತಣ್ಣಗಾಗಿಯೋ ಪೆಟ್ಟು ತಿಂದ ಮ್ಯಾನಟೀಗಳನ್ನು ಇಲ್ಲಿಗೆ ತಂದು, ಮೈ ತುಂಬಿಕೊಂಡ ಮೇಲೆ ವಾಪಸ್ ಕಡಲಿಗೆ ಬಿಡುತ್ತಾರೆ. ಒಳಗೆ ಬೆಚ್ಚಗಿತ್ತು. ಕನ್ನಡಕಕ್ಕೆಲ್ಲ ಮಂಜು ಕಟ್ಟಿತು. ಒರೆಸಿಕೊಂಡು ನೋಡಿದರೆ ಎದುರಿಗೆ ಗೋಡೆಯಷ್ಟು ದೊಡ್ಡ ಪ್ರಾಣಿ, ನೀರಿನಲ್ಲಿ ತೇಲುವ ಲೆಟಿಸ್ ಎಲೆಯನ್ನು ತುಟಿಯಿಂದಲೇ ಹಿಡಿದು, ಮಡಿಸಿ, ಒಳಗೆ ತಳ್ಳಿಕೊಳ್ಳುತ್ತಿತ್ತು. ಅವಸರವೇ ಇಲ್ಲ. ಅಮ್ಮ ಅಲ್ಲಿನ ಬೆಂಚಿನ ಮೇಲೆ ಕೂತವಳು "ನೀವು ಸುತ್ತಿಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದಳು.

ಆಮೇಲೆ ಅವಳನ್ನು ಎಬ್ಬಿಸಿದ್ದು ಆನೆ. 1906ರಲ್ಲಿ ಕಟ್ಟಿದ ಹಳೇ ಆನೆ ಮನೆಗೆ ಗುಮ್ಮಟಗಳಿವೆ. ತಾಜ್ ಮಹಲ್ ತರಾ ಇದೆ ಅಂತ ಇಲ್ಲಿಯವರು ಹೇಳೋದು, ಅಮ್ಮ "ಇದೇನೋ ಇಲ್ಲೂ ಅರಮನೆ!" ಅಂದಳು. ಆನೆಗಳಿಗೆ ಈಗ ಹೊಸ ಜಾಗ ಮಾಡಿದ್ದಾರೆ, 2024ರಲ್ಲಿ ಶುರುವಾದದ್ದು. ಅಲ್ಲಿರೋ ಆನೆಗಳಲ್ಲಿ ನಾಲ್ಕು ಐರ್ಲೆಂಡಿನ ಡಬ್ಲಿನ್ ಝೂನಿಂದ ಬಂದವು. ಎರಡರ ಹೆಸರು ಕಬೀರ್ ಮತ್ತು ಸಂಜಯ್ ಅಂತೆ! ಡಬ್ಲಿನ್ ಅಂದ ತಕ್ಷಣ ನನಗೆ ನೆನಪಾದವನು ನಮ್ಮ ಪೋಲೋ. ಸ್ಕೂಲಿನಿಂದ ಸಾಲಾಗಿ ಕರಕೊಂಡು ಹೋದಾಗ ನಮಗೆ ಬೆನ್ನು ತಿರುಗಿಸಿ ಕೂರುತ್ತಿದ್ದನಲ್ಲ, ಆ ಗೊರಿಲ್ಲಾ. ಅವನೂ 1995ರಲ್ಲಿ ಮೈಸೂರಿಗೆ ಬಂದದ್ದು ಡಬ್ಲಿನ್‌ನಿಂದಲೇ. 2014ರಲ್ಲಿ ಸಾಯೋತನಕ ಇಡೀ ಭಾರತದಲ್ಲಿ ಅವನೊಬ್ಬನೇ ಗೊರಿಲ್ಲಾ. ಅದನ್ನು ಟೀಚರ್ ಹೆಮ್ಮೆಯಿಂದ ಹೇಳುತ್ತಿದ್ದರು. ಒಬ್ಬನೇ ಇರೋದು ಹೆಮ್ಮೆಯ ವಿಷಯ ಅಲ್ಲ ಅಂತ ನಮಗೆ ಆಗ ಹೊಳೆದಿರಲಿಲ್ಲ.

ಈಗ ನಿಜವಾಗಿ ಹೇಳಬೇಕಾದದ್ದಕ್ಕೆ ಬರ್ತೀನಿ. ಈ ಝೂ ಬಾಗಿಲು ತೆಗೆದದ್ದು 1875ರಲ್ಲಿ. ಅಮೆರಿಕದ ತೀರಾ ಹಳೇ ಝೂಗಳಲ್ಲಿ ಇದೂ ಒಂದು. ನಮ್ಮ ಮೈಸೂರಿನದು 1892ರದ್ದು, ಇದಕ್ಕಿಂತ 17 ವರ್ಷ ಚಿಕ್ಕದು. ಅಷ್ಟು ಹಳೇ ಕಾಲದ ಒಂದು ಪುಟ್ಟ ಹಕ್ಕಿಮನೆಯನ್ನು ಇನ್ನೂ ಉಳಿಸಿಕೊಂಡಿದ್ದಾರೆ. ಜಪಾನಿನ ಪಗೋಡ ತರಹದ ಛಾವಣಿ. ಹೊರಗೆ ಒಂದು ಕಂಚಿನ ಪಾರಿವಾಳ. ಒಳಗೆ ಜೀವಂತ ಹಕ್ಕಿ ಯಾವುದೂ ಇಲ್ಲ, ಆದ್ದರಿಂದ ಮಕ್ಕಳು ತಲೆಹಾಕಿ ನೋಡಿ ಓಡಿಹೋದವು. ನಾನು ಮಾತ್ರ ಉಳಿದೆ.

ಅದು ಮಾರ್ಥಾ ಅನ್ನೋ ಪಾರಿವಾಳದ ನೆನಪಿಗೆ ಇಟ್ಟ ಮನೆ. ಪ್ಯಾಸೆಂಜರ್ ಪಿಜನ್ ಅಂತ ಜಾತಿ. ಒಂದು ಕಾಲಕ್ಕೆ ಉತ್ತರ ಅಮೆರಿಕದಲ್ಲಿ ಇವು 300ರಿಂದ 500 ಕೋಟಿ ಇದ್ದವು ಅಂತ ಅಂದಾಜು. ಹಿಂಡು ಹಾರಿದರೆ ಗಂಟೆಗಟ್ಟಲೆ ಬಿಸಿಲೇ ಬೀಳುತ್ತಿರಲಿಲ್ಲ. ಅಷ್ಟಿದ್ದದ್ದು ಎಲ್ಲಿ ಹೋದವು ಅಂದರೆ, ಮನುಷ್ಯರ ಹೊಟ್ಟೆಗೆ. ಕಾಡು ಕಡಿದದ್ದು ಒಂದು ಕಾರಣ. ಇನ್ನೊಂದು ರೈಲು ಮತ್ತು ಟೆಲಿಗ್ರಾಫ್. ಗೂಡು ಕಟ್ಟಿದ್ದು ಎಲ್ಲಿ ಅಂತ ತಂತಿ ಬರುತ್ತಿತ್ತು, ಬೇಟೆಯವರು ರೈಲಿನಲ್ಲಿ ಹೋಗಿ ಇಳಿಯುತ್ತಿದ್ದರು, ಪೀಪಾಯಿಗಟ್ಟಲೆ ಹಕ್ಕಿ ಅದೇ ರೈಲಿನಲ್ಲಿ ಪೇಟೆಗೆ ಬರುತ್ತಿತ್ತು. ಮರಿ ಇನ್ನೂ ಗೂಡಿನಲ್ಲಿರುವಾಗಲೇ ಹೊಡೆದರೆ ಮುಂದಿನ ಪೀಳಿಗೆ ಎಲ್ಲಿಂದ ಬರಬೇಕು ಹೇಳು? ಕೊನೆಗೆ ಈ ಝೂನಲ್ಲಿ ಮಾರ್ಥಾ ಒಬ್ಬಳೇ ಉಳಿದಳು. ಜೋಡಿ ಹುಡುಕಿಕೊಟ್ಟವರಿಗೆ 1000 ಡಾಲರ್ ಬಹುಮಾನ ಅಂತ ಸಾರಿದರು. ಯಾರಿಗೂ ಸಿಗಲಿಲ್ಲ. ವಯಸ್ಸಾಗಿ ಅವಳು ಕದಲದೆ ಕೂರುತ್ತಿದ್ದಳಂತೆ. ನೋಡೋಕೆ ಬಂದವರು ಅವಳು ಅಲ್ಲಾಡಲಿ ಅಂತ ಮರಳು ಎರಚುತ್ತಿದ್ದರಂತೆ, ಹಗ್ಗ ಕಟ್ಟಿ ಜನರನ್ನು ದೂರ ಇಡಬೇಕಾಯಿತು. 1914ರ ಸೆಪ್ಟೆಂಬರ್ 1ಕ್ಕೆ ಸತ್ತಳು. ಮಂಜುಗಡ್ಡೆಯಲ್ಲಿ ಹುದುಗಿಸಿ ರೈಲಿನಲ್ಲೇ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂಗೆ ಕಳಿಸಿದರು. ಇನ್ನೊಂದು ಕೇಳು. ನಾಲ್ಕು ವರ್ಷ ಆದಮೇಲೆ, 1918ರಲ್ಲಿ, ಕೆರೊಲೈನಾ ಗಿಣಿ ಅನ್ನೋ ಜಾತಿಯ ಕೊನೇ ಹಕ್ಕಿ ಇಂಕಾಸ್ ಸತ್ತದ್ದೂ ಇದೇ ಝೂನಲ್ಲಿ.

ಮರಳು ಎರಚಿದ್ದು ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಕಾರಂಜಿ ಕೆರೆ ಪಕ್ಕದ ನಮ್ಮ ಝೂನಲ್ಲೂ ಹುಲಿ ಎದ್ದೇಳಲಿ ಅಂತ ಶಿಳ್ಳೆ ಹೊಡೆಯೋರನ್ನು ನೋಡಿದ್ದೀವಲ್ಲ. ಪ್ರಾಣಿ ಸುಮ್ನೆ ಇದ್ದರೆ ಕೊಟ್ಟ ದುಡ್ಡು ವಸೂಲಾಗಲಿಲ್ಲ ಅನ್ನೋ ಭಾವನೆ. ಇಷ್ಟೆಲ್ಲಾ ಆದರೂ ಮಾರ್ಥಾ ಇದ್ದ ಅದೇ ಝೂನಲ್ಲಿ ಒಂದು ಶತಮಾನದ ನಂತರ ಒಂದು ಮರಿಗಾಗಿ ಆಸ್ಪತ್ರೆಯವರನ್ನು ಓಡೋಡಿ ಕರೆಸುತ್ತಾರೆ. ಎರಡೂ ಒಂದೇ ಬೇಲಿಯೊಳಗೆ. ಫಿಯೋನಾ ಬೊಂಬೆ ಮಾರೋ ಅಂಗಡಿಯಲ್ಲಿ ಜನ ಇದ್ದರು, ಹಕ್ಕಿಮನೆಯಲ್ಲಿ ನಾನೊಬ್ಬನೇ. ನೀನು ಬಂದಾಗ ನಿನ್ನನ್ನು ಅಲ್ಲಿ ನಿಲ್ಲಿಸಿಯೇ ಮುಂದೆ ಕರಕೊಂಡು ಹೋಗೋದು.

ಇನ್ನು ವಾಟರ್‌ಪಾರ್ಕ್. ಝೂನಿಂದ ಅರ್ಧ ಗಂಟೆ ಉತ್ತರಕ್ಕೆ ಮೇಸನ್ ಅಂತ ಊರು. ಕಿಂಗ್ಸ್ ಐಲೆಂಡ್ ಅನ್ನೋ ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕಿನ ಪಕ್ಕದಲ್ಲೇ ಗ್ರೇಟ್ ವುಲ್ಫ್ ಲಾಡ್ಜ್. ಹೋಟೆಲ್ಲೂ ಅದೇ, ನೀರಿನ ಆಟವೂ ಅದರೊಳಗೇ. ಈ ಮಾಡು ಹೊದಿಸಿದ ವಾಟರ್‌ಪಾರ್ಕ್ ಹುಚ್ಚು ಜೋರಾಗಿ ಶುರುವಾದದ್ದು ವಿಸ್ಕಾನ್ಸಿನ್ ಡೆಲ್ಸ್ ಅನ್ನೋ ಊರಿನಲ್ಲಿ, 1990ರ ದಶಕದಲ್ಲಿ. ಅಲ್ಲಿ ಬೇಸಿಗೆ ಗಿಡ್ಡ, ವರ್ಷದ ಉಳಿದ ತಿಂಗಳೆಲ್ಲ ಹೋಟೆಲ್ ರೂಮು ಖಾಲಿ. ಸರಿ, ಬೇಸಿಗೆಯನ್ನೇ ಒಳಗೆ ತಂದು ಕೂರಿಸೋಣ ಅಂತ ಯಾರೋ ಯೋಚಿಸಿದರು. ಈ ಲಾಡ್ಜಿನವರು ಮೊದಲು ಶುರುಮಾಡಿದ್ದೂ ಅಲ್ಲೇ.

ಒಳಗೆ ವರ್ಷವಿಡೀ 84 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ನಮ್ಮ ಲೆಕ್ಕದಲ್ಲಿ 29. ಗಾಜಿನ ಆಚೆ ಪಾರ್ಕಿಂಗ್ ಲಾಟಿನಲ್ಲಿ ಹಿಮದ ರಾಶಿ, ಈಚೆ ಮಂಗಳೂರಿನ ಸೆಖೆ. ಬಾಗಿಲು ತೆಗೆದರೆ ಮೊದಲು ಹೊಡೆಯೋದು ಕ್ಲೋರಿನ್ ವಾಸನೆ. ಆ ಘಾಟು ಬರೀ ಕ್ಲೋರಿನ್ನಿನದಲ್ಲ. ಕ್ಲೋರಿನ್ ಜನರ ಬೆವರು, ಉಚ್ಚೆ ಜೊತೆ ಸೇರಿ ಕ್ಲೋರಮೀನ್ ಆದಾಗ ಬರೋ ವಾಸನೆ ಅದು. ಬಯಲಿನ ಕೊಳದಲ್ಲಾದರೆ ಗಾಳಿಗೆ ಹೋಗುತ್ತದೆ, ಮುಚ್ಚಿದ ಜಾಗದಲ್ಲಿ ಯಂತ್ರ ಇಟ್ಟು ಹೊರಗೆ ದಬ್ಬಬೇಕು. ನೀರಿಗಿಳಿಯುವ ಮೊದಲು ಸ್ನಾನ ಮಾಡಿ ಅಂತ ಬೋರ್ಡ್ ಹಾಕೋದು ಅದಕ್ಕೇ. ಇದನ್ನು ನಮ್ಮವಳಿಗೆ ವಿವರಿಸಿದೆ. "ಇದನ್ನ ಈಗಲೇ ಹೇಳಬೇಕಿತ್ತಾ?" ಅಂದಳು.

ಮಧ್ಯದಲ್ಲಿ ಮರದ ಮನೆ ತರಾ ಅಟ್ಟಣಿಗೆ, ಅದರ ತುದಿಯಲ್ಲಿ ಒಂದು ದೈತ್ಯ ಬಕೆಟ್. ಹಿಡಿಸೋದು ಸುಮಾರು 3800 ಲೀಟರ್, ಬೆಂಗಳೂರಿನ ಸಣ್ಣ ಟ್ಯಾಂಕರ್ ನೀರು ಅಂತಿಟ್ಟುಕೋ. ಅದು ತುಂಬುತ್ತಾ ವಾಲುತ್ತದೆ. ಗಂಟೆ ಬಾರಿಸಿದ ಕೂಡಲೇ ಮಕ್ಕಳೆಲ್ಲ ಎಲ್ಲಿದ್ದರೂ ಓಡಿ ಬಂದು ಅದರ ಕೆಳಗೆ ಕತ್ತೆತ್ತಿ ನಿಲ್ಲುತ್ತವೆ. ಮಗಳು ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಮೂಗು ಹಿಡಿದು ನಿಂತಿದ್ದಳು. ನೀರು ಬಿದ್ದ ಮೇಲೆ ಒಂದು ಕ್ಷಣ ಅವಳೇ ಕಾಣಲಿಲ್ಲ. ಆಮೇಲೆ ಕೂದಲೆಲ್ಲ ಮುಖಕ್ಕೆ ಅಂಟಿಕೊಂಡು "ಇನ್ನೊಂದ್ಸಲ!" ಅಂತ ಕೂಗಿದಳು. ಫಿಯೋನಾ ಮರೆತೇಹೋಗಿದ್ದಳು.

ಸಣ್ಣವನಿಗೆ ಲೈಫ್ ಜಾಕೆಟ್ ಅಲ್ಲೇ ಕೊಡುತ್ತಾರೆ, ದುಡ್ಡಿಲ್ಲ. ದೊಡ್ಡ ಜಾರುಬಂಡಿಗಳಿಗೆ ಎತ್ತರ ಅಳೆದು ಬಿಡುತ್ತಾರೆ, ಅವನು ಅಳತೆ ಕೋಲಿನ ಮುಂದೆ ತುದಿಗಾಲಲ್ಲಿ ನಿಂತು ನೋಡಿದ, ಆಗಲಿಲ್ಲ. ಅಲೆ ಏಳೋ ಕೊಳ ಅವನಿಗೆ ಸಾಕಾಗಿತ್ತು. ನಾನೂ ಮಗಳೂ ಟೊರ್ನೇಡೊ ಅಂತ ಒಂದರಲ್ಲಿ ಟ್ಯೂಬಿನಲ್ಲಿ ಕೂತು, ಆಲಿಕೆಯಂಥ ಬಾಯೊಳಗೆ ಬಿದ್ದೆವು. ಅಲ್ಲಿ ನಾನು ಕೂಗಿದ ಮಾತುಗಳನ್ನು ಇಲ್ಲಿ ಬರೆಯೋ ಹಾಗಿಲ್ಲ. ಪುಣ್ಯಕ್ಕೆ ಕನ್ನಡದಲ್ಲಿ ಕೂಗಿದ್ದೆ.

ಅಮ್ಮ ಏನು ಮಾಡಿದಳು ಅಂತ ನೀನು ಕೇಳೇ ಕೇಳ್ತೀಯ. ಚೂಡಿದಾರ್ ಮೊಣಕಾಲಿನವರೆಗೆ ಮಡಿಸಿ, ಅಲೆ ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ನೀರು ಬಂದು ಕಾಲಿಗೆ ಬಡಿಯುತ್ತಿತ್ತು. ಅವಳ ಕಣ್ಣು ಮಾತ್ರ ಲೈಫ್‌ಗಾರ್ಡ್ ಹುಡುಗರ ಮೇಲೆ. ಅವರು ನಿಂತಲ್ಲಿ ನಿಲ್ಲಲ್ಲ, ಅತ್ತಿಂದಿತ್ತ ನಡೆಯುತ್ತಾ ನೀರಿನ ತಳದಿಂದ ಮೇಲಿನವರೆಗೆ ತಲೆ ಆಡಿಸಿ ನೋಡುತ್ತಲೇ ಇರುತ್ತಾರೆ. "ಪಾಪ, ಹದಿನೇಳೋ ಹದಿನೆಂಟೋ ಇರಬೇಕು, ಯಾರ ಜೊತೇನೂ ಒಂದು ಮಾತಾಡಲಿಲ್ಲ ನೋಡು" ಅಂತ ಮೆಚ್ಚಿಕೊಂಡಳು. ರಾತ್ರಿ ರೂಮಿನಲ್ಲಿ ತಣ್ಣನೆ ಪುಳಿಯೋಗರೆ ತಿಂದದ್ದು ಇಡೀ ಪ್ರವಾಸದಲ್ಲಿ ಎಲ್ಲರೂ ಒಪ್ಪಿದ ಒಂದೇ ಸಂಗತಿ.

ನನ್ನ ಅಭಿಪ್ರಾಯ ಕೇಳಿದರೆ, ಝೂಗೆ ಇಡೀ ದಿನ ಕೊಡು, ವಾಟರ್‌ಪಾರ್ಕಿಗೆ ಒಂದು ರಾತ್ರಿ ಸಾಕು. ಸದ್ದು ವಿಪರೀತ. ಮಾರನೇ ದಿನವೂ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಮಕ್ಕಳನ್ನು ಕೇಳಿದರೆ ಉಲ್ಟಾ ಹೇಳುತ್ತವೆ, ಅವುಗಳ ಮಾತು ಕೇಳಬೇಡ. ವಾರಾಂತ್ಯಕ್ಕಿಂತ ವಾರದ ಮಧ್ಯೆ ರೂಮು ಅಗ್ಗ. ರೂಮು ಬಿಟ್ಟ ದಿನವೂ ಸಂಜೆವರೆಗೆ ನೀರಿನಲ್ಲಿ ಆಡಬಹುದು, ಅದನ್ನು ಬಿಡಬೇಡ. ಬಟ್ಟೆ ಮಾತ್ರ ಮೈಸೂರಿನಲ್ಲೇ ತಗೊಂಡು ಬಾ. ಈಜೋಕೆ ಅಂತಲೇ ಹೊಲಿದದ್ದು, ತೋಳು ಉದ್ದ ಇರೋದು, ಒಬ್ಬೊಬ್ಬರಿಗೆ ಎರಡೆರಡು ಜೊತೆ. ಒಂದು ಒಣಗೋ ಅಷ್ಟರಲ್ಲಿ ಇನ್ನೊಂದು ಬೇಕಾಗುತ್ತದೆ. ಆಫೀಸಿನವರು ದಿನ ಯಾವತ್ತು ಅಂತ ಹೇಳಿದ ಕೂಡಲೇ ಒಂದು ಮೆಸೇಜ್ ಹಾಕು, ಎರಡು ರೂಮು ಒಟ್ಟಿಗೆ ಬುಕ್ ಮಾಡಿಡ್ತೀನಿ.

ಇಂತಿ,
ನಿನ್ನ ಹಳೇ ಬೆಂಚಿನವನು