ಗುಂಡ ಹುಷಾರಾದ, ನಿಮಗೆಲ್ಲ ಒಂದು ದೊಡ್ಡ ಥ್ಯಾಂಕ್ಸ್

ಎಲ್ರಿಗೂ ನಮಸ್ಕಾರ. ಗುಂಡನ ಕೊನೇ ಬ್ಲಡ್ ರಿಪೋರ್ಟ್ ನಿನ್ನೆ ಬಂತು. ಕಿಡ್ನಿ ನಾರ್ಮಲ್, ಲಿವರ್ ನಾರ್ಮಲ್, ಇನ್ಮೇಲೆ ವರ್ಷದ ವ್ಯಾಕ್ಸಿನ್‌ಗೆ ಬಂದ್ರೆ ಸಾಕು ಅಂತ ಡಾಕ್ಟ್ರಮ್ಮ ಹೇಳಿ ಕಳಿಸಿದ್ರು. ಮೇ ತಿಂಗಳಿಂದ ಸಕಲೇಶಪುರದಿಂದ, ಹ್ಯೂಸ್ಟನ್‌ನಿಂದ, ಇಲ್ಲಿ ನಾರ್ವೆಯ ಸ್ಟವಾಂಗರ್‌ನಿಂದ "ಗುಂಡ ಹೇಗಿದಾನೆ" ಅಂತ ಮೆಸೇಜ್ ಮೇಲೆ ಮೆಸೇಜ್ ಬರ್ತಾ ಇತ್ತು, ಎಷ್ಟೋ ಜನಕ್ಕೆ ನಾನು ಒಂದು ಕೈಮುಗಿಯೋ ಇಮೋಜಿ ಹಾಕಿ ಸುಮ್ನಾಗಿದ್ದೆ, ಕೂತು ಬರೆಯೋ ಸ್ಥಿತಿಲಿ ಇರ್ಲಿಲ್ಲ. ಈಗ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ಸಹಿಸ್ಕೊಳ್ಳಿ.

ಗೊತ್ತಿಲ್ದೇ ಇರೋರಿಗೆ: ಗುಂಡ ನಮ್ಮ ನಾಯಿ, ಮೇ ತಿಂಗಳಲ್ಲಿ ಅವನಿಗೆ ಹಾವು ಕಚ್ಚಿತ್ತು. ಹ್ಯೂಸ್ಟನ್‌ನ ಶೆಲ್ಟರ್‌ನಿಂದ ತಂದಿದ್ದು, ಅಪ್ಪ ಯಾರು ಅಮ್ಮ ಯಾರು ಅವನಿಗೂ ಗೊತ್ತಿಲ್ಲ ನಮಗೂ ಗೊತ್ತಿಲ್ಲ, ಶೆಲ್ಟರ್‌ನವರು ಲ್ಯಾಬ್ರಡಾರ್ ಮಿಕ್ಸ್ ಅಂತ ಬರ್ಕೊಟ್ಟಿದ್ರು. ಇಪ್ಪತ್ತೇಳು ಕೆಜಿ. ಇವರ ಆಯಿಲ್ ಕಂಪನಿ ಕೆಲಸ ನಾರ್ವೆಗೆ ಶಿಫ್ಟ್ ಆದಾಗ ನಮ್ಮಿಬ್ಬರ ಪೇಪರ್ಸ್‌ಗಿಂತ ಇವನ ಪೇಪರ್ಸೇ ಜಾಸ್ತಿ ಆಯ್ತು. ಮೈಕ್ರೋಚಿಪ್, ಅದಾದ್ಮೇಲೆ ರೇಬಿಸ್ ಚುಚ್ಚುಮದ್ದು, ಅದಾಗಿ 21 ದಿನ ಕಾಯೋದು, ಅಮೆರಿಕದ ಕೃಷಿ ಇಲಾಖೆಯ ಸೀಲ್ ಇರೋ ಸರ್ಟಿಫಿಕೇಟ್. ಇದೆಲ್ಲದರ ಮೇಲೆ ನಾರ್ವೆಗೆ ಕಾಲಿಡೋಕೆ 24ರಿಂದ 120 ಗಂಟೆ ಮುಂಚೆ ವೆಟ್ ಹತ್ರಾನೇ ಲಾಡಿಹುಳದ ಔಷಧಿ ಹಾಕಿಸಿ ಟೈಮ್ ಸಮೇತ ಬರೆಸಿರ್ಬೇಕು, ಯಾಕಂದ್ರೆ ಒಂದು ಜಾತಿ ಲಾಡಿಹುಳ ಈ ದೇಶದ ಮೇನ್‌ಲ್ಯಾಂಡ್‌ನಲ್ಲಿಲ್ಲ, ಬರೋದೂ ಇವರಿಗೆ ಬೇಡ. ಪಿಟ್ ಬುಲ್ ಇಲ್ಲಿ ಬ್ಯಾನ್, ಅದರ ಮಿಕ್ಸ್ ಕೂಡ ಬ್ಯಾನ್, ಹಾಗಾಗಿ ಶೆಲ್ಟರ್ ನಾಯಿ ಕರ್ಕೊಂಡು ಬರೋರಿಗೆ ಎದೆ ಢವಢವ ಅಂತಾನೇ ಇರತ್ತೆ. ಸೋಲಾ ಏರ್‌ಪೋರ್ಟ್‌ನಲ್ಲಿ ಇಳಿದಾಗ ಅಮೆರಿಕನ್ ಪಾಸ್‌ಪೋರ್ಟ್ ಇರೋ ಸಕಲೇಶಪುರದ ಹೆಂಗಸು ಒಂದು, ಹಾಸನದ ಗಂಡಸು ಒಂದು, ಅಪ್ಪಟ ಅಮೆರಿಕನ್ ಅಂದ್ರೆ ಗುಂಡ ಒಬ್ನೇ.

ಆ ಮೊದಲ ಚಳಿಗಾಲ ನೆನಪಿಸ್ಕೊಂಡ್ರೆ ಈಗ್ಲೂ ಬೇಜಾರಾಗತ್ತೆ. ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆ ಕತ್ಲು, ಮಳೆ ಮೇಲಿಂದ ಬೀಳಲ್ಲ ಪಕ್ಕದಿಂದ ಹೊಡೆಯತ್ತೆ, ಲಿಫ್ಟಲ್ಲಿ ಜೊತೆಗೆ ನಿಂತೋರು ಗೋಡೆ ನೋಡ್ತಾರೆ. ಟೆಕ್ಸಸ್‌ನಲ್ಲಿ ಅಂಗಡಿ ಕ್ಯೂನಲ್ಲಿ ನಿಂತೋರು ಜಾತಕಾನೇ ಹೇಳ್ಬಿಡ್ತಾರೆ, ಅಲ್ಲಿಂದ ಇಲ್ಲಿಗೆ ಬಂದ್ರೆ ಹೇಗಾಗತ್ತೆ ನೋಡಿ. ಆದ್ರೆ ಗುಂಡನಿಗೆ ದಿನಾ ಮೂರು ಸಲ ಹೊರಗೆ ಹೋಗ್ಲೇಬೇಕಲ್ವಾ. ನಂಗೂ ಅವಂಗೂ ಮೈಮೇಲೆ ಹೊಳೆಯೋ ರಿಫ್ಲೆಕ್ಟರ್ ಜಾಕೆಟ್ಟು, ಐಸ್ ಬಿದ್ದಾಗ ನನ್ನ ಬೂಟಿನ ಅಡಿಗೆ ಮುಳ್ಳು, ಹಾಗೆ ಮೂಸ್‌ವಾಟ್ನೆ ಕೆರೆ ಸುತ್ತೋದು. ನಂಗೆ ಹಲೋ ಅನ್ನದ ಜನ ಗುಂಡನ ಮುಂದೆ ಕುಕ್ಕರಗಾಲಲ್ಲಿ ಕೂತ್ಕೊಂಡು ಮಾತಾಡ್ಸೋರು. ಹೀಗೇ ಪರಿಚಯ ಆಗಿದ್ದು ಎಲ್ಲ. ಹೆಸರು ಮಾತ್ರ ಇವತ್ತಿಗೂ ಅರ್ಧ ಜನದ್ದು ಗೊತ್ತಿಲ್ಲ. ಲೂನಾ ಅಮ್ಮ, ಬಾಲ್ಡರ್ ಅಜ್ಜ, ಆ ಕುಂಟು ಪೂಡಲ್‌ನ ಆಂಟಿ. ಅವರಿಗೂ ನಾನು ಗುಂಡನ ಅಮ್ಮನೇ. ಗುಂಡನಿಗೆ ಬೀಜ ತೆಗೆಸಿದೀರಾ, ಯಾಕೆ, ಏನು ಕಾಯಿಲೆ ಇತ್ತು ಅಂತ ಅವರೆಲ್ಲ ನನ್ನ ಕೇಳಿದ್ದೇ ಕೇಳಿದ್ದು. ಅಮೆರಿಕದಲ್ಲಿ ಶೆಲ್ಟರ್‌ನವರು ಅದನ್ನ ಮಾಡಿಸ್ದೇ ನಾಯಿ ಕೊಡಲ್ಲ, ಇಲ್ಲಿ ಪ್ರಾಣಿ ಕಲ್ಯಾಣ ಕಾನೂನಲ್ಲಿ ಕಾರಣ ಇಲ್ದೆ ಮಾಡಿಸೋ ಹಾಗಿಲ್ಲ. ಅಪರಿಚಿತರ ಜೊತೆ ಮೊದಲ ಮಾತೇ ಇದರ ಬಗ್ಗೆ, ಏನ್ಮಾಡ್ತೀರಾ.

ಇನ್ನು ಆ ದಿನದ ವಿಷ್ಯ. ಮೇ 1, ಇಲ್ಲಿ ಸರ್ಕಾರಿ ರಜ. ಅಪರೂಪಕ್ಕೆ ಬಿಸಿಲು, ಇಡೀ ಊರೇ ಗುಡ್ಡದ ಮೇಲೆ. ನಾವೂ ಗ್ರಾಮ್‌ಸ್ಟಾದಲ್ಲಿ ಕಾರ್ ನಿಲ್ಸಿ ಡಾಲ್ಸ್‌ನೂಟೆನ್ ಹತ್ತೋಕೆ ಹೊರಟ್ವಿ, ಸಾಂಡ್ನೆಸ್ ಹತ್ರ, 324 ಮೀಟರ್ ಅಷ್ಟೇ, ಪುಟ್ಟ ಮಕ್ಕಳೂ ಹತ್ತೋ ಗುಡ್ಡ. ಏಪ್ರಿಲ್ 1ರಿಂದ ಆಗಸ್ಟ್ 20ರವರೆಗೆ ದೇಶ ಪೂರ್ತಿ ನಾಯಿಗಳಿಗೆ ಹಗ್ಗ ಕಡ್ಡಾಯ, ಕುರಿಮರಿ ಇರತ್ತೆ, ಹಕ್ಕಿಗಳು ನೆಲದ ಮೇಲೆ ಗೂಡು ಕಟ್ಟಿರತ್ತೆ ಅಂತ. ಗುಂಡನೂ ಹಗ್ಗದಲ್ಲೇ ಇದ್ದ. ದಾರಿ ಪಕ್ಕ ಬಿಸಿಲಿಗೆ ಕಾದ ಬಂಡೆ, ಅದರ ಬುಡದಲ್ಲಿ ಒಣಗಿದ ಪೊದೆ, ಮೂಗು ಹಾಕಿದ, ಕುಂಯ್ ಅಂದು ಹಿಂದೆ ಹಾರಿದ. ಬೆನ್ನ ಮೇಲೆ ಅಂಕುಡೊಂಕು ಪಟ್ಟೆ ಇರೋ ಹಾವು ನಿಧಾನಕ್ಕೆ ಒಳಗೆ ಸರೀತಿತ್ತು. ಹುಗ್ಗೋರ್ಮ್. ನಾರ್ವೆಯಲ್ಲಿ ವಿಷ ಇರೋದು ಅದೊಂದೇ ಹಾವಿಗೆ. ಕಾಫಿ ತೋಟದಲ್ಲಿ ಕೊಳಕುಮಂಡಲ ನೋಡ್ಕೊಂಡು ಬೆಳೆದೋಳು ನಾನು, ಹಾವಿಗೆ ಹೆದರ್ಕೊಳ್ಳೋಳಲ್ಲ, ಆದ್ರೆ ಗುಂಡನ ಮೂತಿ ನೋಡನೋಡ್ತಾ ಊದೋಕೆ ಶುರುವಾದಾಗ ಕೈಕಾಲೇ ಆಡ್ಲಿಲ್ಲ.

ಮೊದಲ ಥ್ಯಾಂಕ್ಸ್ ಹಿಂದೆ ಬರ್ತಿದ್ದ ಆ ಬೂದುಕೂದಲಿನ ಹೆಂಗಸಿಗೆ. ಇವ್ರು ಗುಂಡನ್ನ ಎಳ್ಕೊಂಡು ಇಳಿಯೋಕೆ ಹೊರಟಿದ್ರು, ಆಯಮ್ಮ ಎರಡೂ ಕೈ ಅಡ್ಡ ಹಿಡಿದು ನಿಲ್ಸಿದ್ರು. ಒಂದು ಹೆಜ್ಜೇನೂ ನಡೆಸ್ಬೇಡಿ, ನಡೆದಷ್ಟೂ ವಿಷ ಬೇಗ ಹರಡತ್ತೆ, ಎತ್ಕೊಂಡೇ ಹೋಗ್ಬೇಕು, ಕಟ್ಟೋದು ಕುಯ್ಯೋದು ಏನೂ ಮಾಡ್ಬೇಡಿ ಅಂದ್ರು. ಹಾಗೆ ಹೇಳ್ತಾ ಹೇಳ್ತಾನೇ ರಜಾದಿನದ ಡ್ಯೂಟಿ ವೆಟ್‌ಗೆ ಫೋನ್ ಹಚ್ಚಿ, ಹಾವು ಕಚ್ಚಿರೋ ನಾಯಿ ಬರ್ತಾ ಇದೆ ಅಂತ ನಾರ್ವೇಜಿಯನ್‌ನಲ್ಲಿ ಪಟಪಟ ಹೇಳಿ ಫೋನ್ ನನ್ನ ಕೈಗೆ ಕೊಟ್ರು.

ಇಪ್ಪತ್ತೇಳು ಕೆಜಿ ನಾಯಿನ ಕಲ್ಲುದಾರೀಲಿ ಎತ್ಕೊಂಡು ಇಳಿಯೋದು ಒಬ್ಬರ ಕೈಲಾಗೋ ಕೆಲಸ ಅಲ್ಲ. ಆಗ ಬಂದೋರೇ ಕೆಂಪು ಪ್ಯಾಂಟಿನ ಹುಡುಗ್ರು. ಇಲ್ಲಿ ಹದಿಮೂರು ವರ್ಷದ ಸ್ಕೂಲ್ ಮುಗಿಸೋ ಮಕ್ಕಳು ಮೇ 17ರ ರಾಷ್ಟ್ರೀಯ ದಿನದವರೆಗೆ ಕೆಂಪು ಡಂಗ್ರಿ ಹಾಕ್ಕೊಂಡು ರಾತ್ರಿಯೆಲ್ಲ ಪಾರ್ಟಿ ಮಾಡ್ಕೊಂಡು ತಿರುಗ್ತಾರೆ, ಅವರನ್ನ ರೂಸ್ ಅಂತಾರೆ. ನಾನೇ ಎಷ್ಟು ಸಲ ಬೈಕೊಂಡಿದೀನಿ ಅವರ ಬಸ್ಸಿನ ಮ್ಯೂಸಿಕ್ಕಿಗೆ. ಆ ದಿನ ನಾಲ್ಕು ಜನ ಎರಡು ಮರದ ನಡುವೆ ಹ್ಯಾಮಕ್ ಕಟ್ಕೊಂಡು ರಾತ್ರಿ ನಿದ್ದೆ ತೀರಿಸ್ಕೋತಾ ಇದ್ರು ಅನ್ಸತ್ತೆ, ಕಣ್ಣು ಕೆಂಪು ಪ್ಯಾಂಟಿಗೆ ಮ್ಯಾಚ್ ಆಗ್ತಿತ್ತು. ಒಂದು ಮಾತು ಕೇಳ್ಲಿಲ್ಲ. ಹ್ಯಾಮಕ್ ಬಿಚ್ಚಿ ನೆಲಕ್ಕೆ ಹಾಸಿ ಗುಂಡನ್ನ ಮಲಗಿಸಿ ನಾಲ್ಕು ಮೂಲೆ ಹಿಡ್ಕೊಂಡು ಹೊರಟೇಬಿಟ್ರು, ಒಬ್ಬ ಮುಂದೆ ದಾರಿಲಿ ಬರೋರಿಗೆ ಸರೀರಿ ಸರೀರಿ ಅಂತ ಕೂಗೋದು, ಸುಸ್ತಾದೋನ ಮೂಲೆನ ಇವ್ರು ಹಿಡಿಯೋದು, ಕಾರ್ ಪಾರ್ಕಿಂಗ್ ತನಕ ಎಲ್ಲೂ ಕೆಳಗಿಳಿಸ್ಲಿಲ್ಲ. ಕಾರಿನ ಡೋರ್ ಹಾಕಿ ಬಾನೆಟ್ ಮೇಲೆ ಎರಡು ತಟ್ಟಿ "ಹೋಗಿ ಹೋಗಿ" ಅಂದ್ರು. ಹೆಸರು ಕೇಳೋಕೂ ಟೈಮ್ ಇರ್ಲಿಲ್ಲ.

ಕ್ಲಿನಿಕ್‌ನಲ್ಲಿ ಬಾಗಿಲಲ್ಲೇ ಕಾಯ್ತಾ ಇದ್ರು. ಡ್ರಿಪ್, ನೋವಿಗೆ ಇಂಜೆಕ್ಷನ್, ಪ್ರತಿವಿಷ, ಹಾರ್ಟ್‌ಬೀಟ್ ನೋಡೋಕೆ ಎದೆಗೆ ವೈರು. ಆ ರಾತ್ರಿ ಡ್ಯೂಟಿಲಿದ್ದ ಡಾಕ್ಟ್ರಮ್ಮನಿಗೆ ನಾನು ಎಷ್ಟು ಪ್ರಶ್ನೆ ಕೇಳಿದೆ ಅಂದ್ರೆ ಬೇರೆ ಯಾರಾದ್ರೂ ಆಗಿದ್ರೆ ಹೊರಗೆ ಹಾಕೋರು. ಮೊದಲೆಲ್ಲ ಜನ ಕಾರ್ಟಿಸೋನ್ ಮಾತ್ರೆ ಜೇಬಲ್ಲೇ ಇಟ್ಕೊಂಡು ಕಾಡಿಗೆ ಹೋಗ್ತಿದ್ರಂತೆ, ಈಗ ಅದನ್ನ ಕೊಡಲ್ಲ, ಪ್ರಯೋಜನ ಇಲ್ಲ ಅಂತ ಗೊತ್ತಾಗಿದೆ ಅಂತ ಅವರೇ ಹೇಳಿದ್ದು. ಊತ ಇಳಿದ್ರೂ ಆಟ ಮುಗೀಲಿಲ್ಲ, ವಿಷ ಕಿಡ್ನಿ ಲಿವರ್‌ಗೆ ಆಮೇಲೆ ಹೊಡೆಯಬಹುದು, ಬ್ಲಡ್ಡು ಯೂರಿನ್ನು ಮತ್ತೆ ಮತ್ತೆ ನೋಡ್ಬೇಕು ಅಂತ ನೇರವಾಗಿ ಹೇಳಿದ್ರು. ಸುಳ್ಳು ಧೈರ್ಯ ಕೊಡ್ಲಿಲ್ಲ, ಅದಕ್ಕೇ ಅವರ ಮೇಲೆ ನಂಬಿಕೆ ಬಂತು. ನಿಜವಾಗ್ಲೂ ಕಿಡ್ನಿ ನಂಬರ್ ಒಂದು ಹಂತದಲ್ಲಿ ಕೆಟ್ಟಿತ್ತು, ಆ ವಾರ ನಾನು ಯಾರ ಫೋನೂ ಎತ್ಲಿಲ್ಲ, ಕ್ಷಮಿಸಿ.

ಮನೆಗೆ ಬಂದ್ಮೇಲೆ ಅವನಿಗೆ ಪೂರ್ತಿ ರೆಸ್ಟ್, ಮೆಟ್ಲು ಹತ್ತೋ ಹಾಗಿಲ್ಲ. ನಮ್ಮ ಬಿಲ್ಡಿಂಗ್ ಬಾಗಿಲಲ್ಲಿ ಮೆಟ್ಲಿದೆ. ಕೆಳಗಿನ ಮನೆ ಬಾಲ್ಡರ್ ಅಜ್ಜ, ದುಗ್ನಾದ್ ದಿನ ಅಂದ್ರೆ ಎಲ್ಲ ಮನೆಯೋರು ಸೇರಿ ಅಂಗಳ ಕ್ಲೀನ್ ಮಾಡೋ ದಿನ ಉಳಿದಿದ್ದ ಹಲಗೆ ತಗೊಂಡು ಇಳಿಜಾರು ಮಾಡಿ, ಜಾರದೇ ಇರ್ಲಿ ಅಂತ ಮೇಲೆ ಹಳೇ ಕಾರ್ಪೆಟ್ ಹೊಡೆದಿದ್ರು. ನಾವು ಕೇಳಿದ್ದಲ್ಲ. ಥ್ಯಾಂಕ್ಸ್ ಹೇಳೋಕೆ ಹೋದ್ರೆ ಬಾಗಿಲು ಅರ್ಧ ತೆಗೆದು ಹ್ಞೂಂ ಅಂದು ಹಾಕ್ಕೊಂಡ್ರು! ಲೂನಾ ಅಮ್ಮ ನಾನು ಆಫೀಸಿಗೆ ಹೋದ ದಿನಗಳಲ್ಲಿ ನಮ್ಮ ಮನೇಲೇ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿರೋರು. ನಮ್ಮ ಬಾಸ್ ಬಗ್ಗೆನೂ ಹೇಳ್ಬೇಕು, ನಾಯಿಗೆ ಹುಷಾರಿಲ್ಲ ಅಂತ ಹೆದರ್ಕೊಂಡು ಮೆಸೇಜ್ ಹಾಕಿದ್ರೆ, ಮೀಟಿಂಗ್ ನಾನು ನೋಡ್ಕೋತೀನಿ ನೀನು ಮನೇಲಿರು ಅಂತ ಒಂದೇ ಲೈನ್ ವಾಪಸ್.

ನಮ್ಮೋರ ವಿಷ್ಯಕ್ಕೆ ಬಂದ್ರೆ, ಇಲ್ಲಿನ ಕನ್ನಡದ ಮನೆಗಳಿಂದ ಬಂದ ಡಬ್ಬಿ ಇನ್ನೂ ವಾಪಸ್ ಕೊಟ್ಟಿಲ್ಲ, ಬಿಸಿಬೇಳೆಬಾತ್ ಡಬ್ಬಿ ಯಾರದು, ನೀಲಿ ಮುಚ್ಚಳದ್ದು ಯಾರದು ದಯವಿಟ್ಟು ಹೇಳಿ. ಹ್ಯೂಸ್ಟನ್‌ನ ಅಕ್ಕ ನಮ್ಮ ಅಮೆರಿಕದ ಟ್ಯಾಕ್ಸ್ ಪೇಪರ್ಸ್ ಪೂರ್ತಿ ತಾವೇ ಕೂತು ಮುಗಿಸಿದ್ರು. ಆ ಪಾಸ್‌ಪೋರ್ಟ್ ಇದ್ರೆ ಪ್ರಪಂಚದ ಯಾವ ಮೂಲೇಲಿದ್ರೂ ವರ್ಷ ವರ್ಷ ಫೈಲ್ ಮಾಡ್ಲೇಬೇಕಲ್ಲ, ನಾಯಿಗೆ ಹಾವು ಕಚ್ಚಿದೆ ಅಂದ್ರೆ ಟ್ಯಾಕ್ಸ್‌ನೋರು ಬಿಡ್ತಾರಾ. ಥ್ಯಾಂಕ್ಸ್ ಅಕ್ಕ, ಡಿಸೆಂಬರ್‌ನಲ್ಲಿ ಬಂದಾಗ ನಿಮ್ಮ ಕಾಲಿಗೆ ಬೀಳ್ತೀನಿ.

ಅಮ್ಮನಿಗೆ ಹೇಳೋದು ಬೇಡ ಅಂದ್ಕೊಂಡಿದ್ವಿ, ಆದ್ರೆ ಯಾರೋ ಪುಣ್ಯಾತ್ಮರು ಊರಿಗೆ ಫೋನ್ ಹಾಕಿ ಹೇಳ್ಬಿಟ್ಟಿದ್ರು. ಅಮ್ಮ ಕೇಳಿದ ಮೊದಲ ಮಾತು, "ಅಲ್ವೇ, ಹಾವಿಗೇನೂ ಮಾಡಿಲ್ಲ ತಾನೇ ನೀವು?" ಇಲ್ಲಮ್ಮ, ಇಲ್ಲಿ ಕಾನೂನಲ್ಲೂ ಅದನ್ನ ಹೊಡೆಯೋ ಹಾಗಿಲ್ಲ ಅಂದೆ. "ಸದ್ಯ, ಒಳ್ಳೇ ದೇಶ ಬಿಡು" ಅಂದು ಫೋನ್ ಇಟ್ಟು, ಕುಕ್ಕೆ ಸುಬ್ರಹ್ಮಣ್ಯದಲ್ಲಿ ಆಶ್ಲೇಷಾ ಬಲಿಗೆ ಹರಕೆ ಹೊತ್ಕೊಂಡಿದಾರೆ. ಮುಂದಿನ ತಿಂಗಳು ನನ್ನ ತಮ್ಮ ಕರ್ಕೊಂಡು ಹೋಗ್ತಿದಾನೆ. ಸಂಕಲ್ಪಕ್ಕೆ ಗುಂಡನ ನಕ್ಷತ್ರ ಏನು ಹೇಳೋದು ಅಂತ ಅಮ್ಮ ನಿನ್ನೆ ಕೇಳಿದ್ರು, ಶೆಲ್ಟರ್ ಪೇಪರ್‌ನಲ್ಲಿ ಹುಟ್ಟಿದ ತಿಂಗಳೂ ಅಂದಾಜು ಅಂತಾನೇ ಇದೆ, ಕೊನೆಗೆ ಇವರ ನಕ್ಷತ್ರವೇ ಹೇಳೋದು ಅಂತ ತೀರ್ಮಾನ ಆಗಿದೆ. ಇವರಿಗೆ ಇನ್ನೂ ಹೇಳಿಲ್ಲ.

ಈ ಶನಿವಾರ ಹನ್ನೊಂದಕ್ಕೆ ಮೂಸ್‌ವಾಟ್ನೆ ಹತ್ರ ಫ್ಲಾಸ್ಕಲ್ಲಿ ಕಾಫಿ, ಡಬ್ಬೀಲಿ ಕೇಸರಿಬಾತ್ ತಗೊಂಡು ಇರ್ತೀವಿ, ಸುತ್ತಮುತ್ತ ಇರೋರು ಬನ್ನಿ, ಮಳೆ ಬಂದ್ರೂ ಇರ್ತೀವಿ. ನಾಯಿಗಳಿಗೆ ಬೇರೆ ಬಿಸ್ಕೆಟ್ ತರ್ತೀನಿ, ಕೇಸರಿಬಾತಲ್ಲಿ ದ್ರಾಕ್ಷಿ ಇದೆ, ದ್ರಾಕ್ಷಿ ನಾಯಿ ಕಿಡ್ನಿಗೆ ಆಗಲ್ಲ, ದಯವಿಟ್ಟು ಯಾರೂ ಪ್ರೀತಿಗೆ ಅಂತ ತಿನ್ನಿಸ್ಬೇಡಿ. ಇನ್ನೊಂದು, ಆ ಕೆಂಪು ಪ್ಯಾಂಟಿನ ಹುಡುಗ್ರ ಹ್ಯಾಮಕ್ ನಮ್ಮ ಹತ್ರಾನೇ ಉಳ್ಕೊಂಡಿದೆ. ಕಡುಹಸಿರು ಬಣ್ಣ, ಒಂದು ಕಡೆ ಹಗ್ಗ ಕಿತ್ತಳೆ. ಒಗೆದು ಮಡಿಸಿ ಇಟ್ಟಿದೀನಿ. ಸ್ಟವಾಂಗರ್, ಸಾಂಡ್ನೆಸ್ ಕಡೆ ಹೈಸ್ಕೂಲ್ ಮಕ್ಕಳಿರೋ ಕನ್ನಡದೋರು ನಿಮ್ಮ ಮಕ್ಕಳ ಕೈಲಿ ಸ್ವಲ್ಪ ವಿಚಾರಿಸಿ, ಮೇ 1ಕ್ಕೆ ಡಾಲ್ಸ್‌ನೂಟೆನ್‌ನಿಂದ ಒಂದು ಕಂದು ನಾಯಿನ ಹೊತ್ತು ಇಳಿಸಿದ ನಾಲ್ಕು ಜನ ಯಾರು ಅಂತ. ಸಿಕ್ಕಿದ್ರೆ ನನ್ನ ನಂಬರ್ ಕೊಡಿ, ಅವರಿಗೆ ಊಟಕ್ಕೆ ಕರೀಬೇಕು.