ಯಾರನ್ನು ಕೂರಿಸೋಣ, ಅದನ್ನು ಹೇಳು

ಪ್ರೀತಿಯ ಗೆಳೆಯ,

ಮುಂದಿನ ದೊಡ್ಡ ಪಂದ್ಯಕ್ಕೆ ನೀನು ಕಳಿಸಿದ ನಮ್ಮ ಫುಟ್‌ಬಾಲ್ ತಂಡದ ಪಟ್ಟಿ ನೋಡಿದೆ. ಎಣಿಸಿದೆ. ಹನ್ನೆರಡು ಹೆಸರಿವೆ. ಕಣ್ಣು ತಪ್ಪಿತೇನೋ ಅಂತ ಮತ್ತೆ ಎಣಿಸಿದೆ, ಆಗಲೂ ಹನ್ನೆರಡೇ. ಫಾರ್ಮೇಶನ್ ಅಂದರೆ ಹಿಂದೆ, ಮಧ್ಯದಲ್ಲಿ, ಮುಂದೆ ಎಷ್ಟೆಷ್ಟು ಜನ ಅನ್ನುವ ಲೆಕ್ಕ; ಅದನ್ನು ಬರೆಯುವಾಗ ಗೋಲ್‌ಕೀಪರ್‌ನನ್ನು ಬಿಟ್ಟು ಬರೆಯುತ್ತಾರೆ, ನಿಜ. 4-3-3 ಅಂದರೆ ಹತ್ತು ಜನ, ಗೋಲ್‌ಕೀಪರ್ ಸೇರಿ ಹನ್ನೊಂದು. ನೀನು ಬರೆದಿರುವುದು 4-3-4. ಹಾಗೆ ಆಡಿಸಲು ರೆಫರಿ ಬಿಟ್ಟರೆ ನಮ್ಮ ಕೋಚ್‌ಗೂ ಏನೂ ಬೇಜಾರಿಲ್ಲ ಬಿಡು.

ತಮಾಷೆ ಸಾಕು. ನಿನಗೆ ಲೆಕ್ಕ ಬರುವುದಿಲ್ಲ ಅಂತಲ್ಲ. ನಿನಗೆ ಯಾರನ್ನೂ ತೆಗೆಯಲು ಮನಸ್ಸಿಲ್ಲ. ಇಬ್ಬರು ಸ್ಟ್ರೈಕರ್‌ಗಳೂ ಬೇಕು. ಎಡಗಡೆ ಆ ಹೊಸ ಹುಡುಗ ಬೇಕು. ಹತ್ತನೇ ನಂಬರಿನ ನಮ್ಮ ಹಳೇ ಕ್ಯಾಪ್ಟನ್ ಅಂತೂ ಬೇಕೇ ಬೇಕು. ದೊಡ್ಡ ಪಂದ್ಯ ಬಂತು ಅಂದರೆ ಅಭಿಮಾನಿಗಳೆಲ್ಲ ಮಾಡುವುದು ಇದನ್ನೇ. 'ಅವನನ್ನು ಹಾಕಿ, ಇವನನ್ನು ಹಾಕಿ' ಅಂತ ಎಲ್ಲರೂ ಕೂಗುತ್ತಾರೆ. ಯಾರನ್ನು ತೆಗೀಬೇಕು ಅಂತ ಕೇಳಿದರೆ ಮಾತು ಬದಲಿಸುತ್ತಾರೆ. ಮಾತು ಬದಲಿಸಲು ಎಲ್ಲಕ್ಕಿಂತ ಸುಲಭದ ದಾರಿ ಫಾರ್ಮೇಶನ್. 'ತಪ್ಪು ಆಟಗಾರರದ್ದಲ್ಲ, ಸಿಸ್ಟಮ್‌ದು' ಅಂದುಬಿಟ್ಟರೆ ಆಯಿತಲ್ಲ, ಯಾರ ಮನಸ್ಸಿಗೂ ನೋವಿಲ್ಲ.

2000ರ ದಶಕದ ಇಂಗ್ಲೆಂಡ್ ತಂಡ ನಿನಗೆ ನೆನಪಿದೆ ಅಲ್ವಾ? ಸ್ಟೀವನ್ ಜೆರಾರ್ಡ್, ಫ್ರಾಂಕ್ ಲ್ಯಾಂಪಾರ್ಡ್ ಇಬ್ಬರನ್ನೂ ಮಧ್ಯದಲ್ಲಿ ಒಟ್ಟಿಗೆ ಆಡಿಸಲೇಬೇಕು ಅನ್ನುವುದು ಆಗಿನ ಹಟ. ಇಬ್ಬರೂ ಘಟಾನುಘಟಿಗಳು. ಆದರೆ ಇಬ್ಬರಿಗೂ ಇಷ್ಟವಾದ ಕೆಲಸ ಒಂದೇ: ಚೆಂಡು ಮುಂದಕ್ಕೆ ಹೋದ ತಕ್ಷಣ ತಾವೂ ಎದುರಾಳಿಯ ಗೋಲಿನ ಮುಂದಿನ ಬಾಕ್ಸ್ ಕಡೆ ಓಡುವುದು. ಒಬ್ಬ ಓಡಿದರೆ ಇನ್ನೊಬ್ಬ ಹಿಂದೆ ನಿಲ್ಲಬೇಕು. ಯಾರು ನಿಲ್ಲುವುದು? ವರ್ಷಗಟ್ಟಲೆ ಚರ್ಚೆ ನಡೆಯಿತು, ಒಂದು ತೀರ್ಮಾನ ಅಂತ ಆಗಲಿಲ್ಲ. ಅವರಿಬ್ಬರಿಗೆ ಜಾಗ ಮಾಡಲು ಪಾಲ್ ಸ್ಕೋಲ್ಸ್‌ನನ್ನು ಎಡಗಡೆಗೆ ಸರಿಸಿದರು. ಪಾಸ್ ಹಾಕುವುದರಲ್ಲಿ ಆ ಮೂವರಲ್ಲಿ ಸ್ಕೋಲ್ಸೇ ಮೇಲು ಅಂತ ನಾನು ಇವತ್ತಿಗೂ ಹೇಳುತ್ತೇನೆ. 2004ರ ಯೂರೋ (ಯುರೋಪಿನ ದೇಶಗಳ ಕಪ್) ಮುಗಿದ ಮೇಲೆ ಆತ ದೇಶದ ತಂಡವನ್ನು ಬಿಟ್ಟ. ಸಂಸಾರದ ಕಾರಣ ಕೊಟ್ಟ. ಇರಬಹುದು. ಆದರೆ ಸೈಡಿನಲ್ಲಿ ನಿಂತು ಆಟ ನೋಡುವುದು ಅವನಿಗೆ ಖುಷಿ ಕೊಟ್ಟಿರಲಾರದು. ಇಂಗ್ಲೆಂಡ್ 2004ರಲ್ಲಿ ಕ್ವಾರ್ಟರ್ ಫೈನಲ್‌ನಲ್ಲಿ ಸೋತಿತು. 2006ರ ವಿಶ್ವಕಪ್‌ನಲ್ಲೂ ಕ್ವಾರ್ಟರ್ ಫೈನಲ್‌ನಲ್ಲೇ ಸೋತಿತು. ಎರಡು ಸಲವೂ ಪೋರ್ಚುಗಲ್ ಎದುರು, ಎರಡು ಸಲವೂ ಪೆನಾಲ್ಟಿಯಲ್ಲಿ. 2008ರ ಯೂರೋಗೆ ಅರ್ಹತೆಯೇ ಸಿಗಲಿಲ್ಲ. ಪೆನಾಲ್ಟಿ ಸೋಲಿಗೆ ಮಿಡ್‌ಫೀಲ್ಡ್ ಒಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಇಬ್ಬರಲ್ಲಿ ಒಬ್ಬನನ್ನು ಬೆಂಚಿನಲ್ಲಿ ಕೂರಿಸುವ ಧೈರ್ಯ ಯಾರಿಗಾದರೂ ಇದ್ದಿದ್ದರೆ ಆ ತಂಡ ಬೇರೆ ಥರಾ ಇರುತ್ತಿತ್ತು.

ಈಗ ನಮ್ಮ ಪಂದ್ಯಕ್ಕೆ ಬರೋಣ. ಎದುರಾಳಿಗಳು ಮಧ್ಯದಲ್ಲಿ ಮೂವರನ್ನು ಆಡಿಸುತ್ತಾರೆ. ನೀನು ಹೇಳುವ ಹಾಗೆ ಮುಂದೆ ನಾಲ್ವರನ್ನು ನಿಲ್ಲಿಸಿ ಹನ್ನೊಂದೇ ಜನರನ್ನು ಆಡಿಸಿದರೆ ಮಧ್ಯದಲ್ಲಿ ನಮಗೆ ಉಳಿಯುವುದು ಇಬ್ಬರು. ಆ ಇಬ್ಬರಲ್ಲೂ ಒಬ್ಬ ಮುಂದಕ್ಕೆ ಓಡುವ ಚಪಲದವನು. ಅವರ ಮೂರನೆಯವನು ಯಾವಾಗಲೂ ಖಾಲಿ ಜಾಗದಲ್ಲಿ ಇರುತ್ತಾನೆ. ಅವನ ಕಾಲಿಗೆ ಚೆಂಡು ಬಂದಾಗ ಯಾರು ಹೋಗಿ ತಡೆಯುತ್ತಾರೆ? ಹಿಂದೆ ಮಧ್ಯದಲ್ಲಿ ಕಾಯುವ ಸೆಂಟರ್ ಬ್ಯಾಕ್ ಮುಂದೆ ಬಂದರೆ ಅವನ ಬೆನ್ನ ಹಿಂದೆ ಬಯಲು. ಬರದಿದ್ದರೆ ಆ ಮನುಷ್ಯ ಆರಾಮಾಗಿ ತಲೆ ಎತ್ತಿ ನೋಡಿ ಪಾಸ್ ಹಾಕುತ್ತಾನೆ.

ಈ ಪೇಚಾಟ ಹಳೆಯದು. 1953ರ ನವೆಂಬರ್‌ನಲ್ಲಿ ವೆಂಬ್ಲಿಯಲ್ಲಿ ಹಂಗೇರಿ ಇಂಗ್ಲೆಂಡನ್ನು 6-3ರಿಂದ ಬಡಿದದ್ದು ಹೇಗೆ ಅಂದುಕೊಂಡೆ? ಹಂಗೇರಿಯ ನಾಂಡೋರ್ ಹಿಡೆಗ್ಕುಟಿ ಅಂಗಿಯ ಮೇಲೆ 9 ಅಂತ ಬರೆದಿತ್ತು. 9 ಅಂದರೆ ಸೆಂಟರ್ ಫಾರ್ವರ್ಡ್, ಗೋಲಿನ ಮುಂದೆ ನಿಲ್ಲುವವನು. ಅವನು ನಿಲ್ಲಲಿಲ್ಲ. ಹಿಂದಕ್ಕೆ ಸರಿದು ಮಧ್ಯದಲ್ಲಿ ಆಡಿದ. ಅವನನ್ನು ಕಾಯಬೇಕಿದ್ದ ಇಂಗ್ಲೆಂಡಿನ ಸೆಂಟರ್ ಹಾಫ್ ಹ್ಯಾರಿ ಜಾನ್ಸ್‌ಟನ್‌ಗೆ ಅವನ ಹಿಂದೆ ಹೋಗಬೇಕೋ, ತನ್ನ ಜಾಗದಲ್ಲೇ ಇರಬೇಕೋ ಗೊತ್ತಾಗಲಿಲ್ಲ. ಅದು ಗೊತ್ತಾಗುವಷ್ಟರಲ್ಲಿ ಹಿಡೆಗ್ಕುಟಿ ಹ್ಯಾಟ್ರಿಕ್ ಮುಗಿಸಿದ್ದ. ಅದಕ್ಕೇ ಹೇಳೋದು, ಈ 4-3-3, 4-4-2 ಅನ್ನುವ ಅಂಕಿಗಳಿಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಆಟ ಶುರುವಾಗುವ ಮುಂಚೆ ಟಿವಿಯಲ್ಲಿ ತೋರಿಸುವ ಚುಕ್ಕೆಗಳು ಅವು, ಅಷ್ಟೇ. ವಿಸಿಲ್ ಊದಿದ ಮೇಲೆ 3-5-2 ಅನ್ನುವುದು ಚೆಂಡು ಕಳೆದುಕೊಂಡ ಕ್ಷಣ 5-3-2 ಆಗುತ್ತದೆ. 4-3-3 ಅನ್ನುವುದು 4-5-1 ಆಗುತ್ತದೆ. ಚೆಂಡು ಹೋದಾಗ ಯಾರು ಎಲ್ಲಿಗೆ ಓಡುತ್ತಾರೆ ಅಂತ ಹೇಳು, ಆಗ ನಿನ್ನ ಫಾರ್ಮೇಶನ್ ಬಗ್ಗೆ ಮಾತಾಡೋಣ.

ನನಗೆ ಹಿಂದೆ ಇಬ್ಬರು ಡಿಫೆನ್ಸಿವ್ ಮಿಡ್‌ಫೀಲ್ಡರ್‌ಗಳು ಬೇಕು, ಅಂದರೆ ಮಧ್ಯದಲ್ಲಿ ನಿಂತು ಡಿಫೆನ್ಸ್‌ಗೆ ಕಾವಲು ಕಾಯುವವರು. 'ಹೇಡಿತನ' ಅಂತ ನೀನು ಈಗಾಗಲೇ ಬೈದಿರುತ್ತೀಯ. ಬೈಯಿ. 2010ರ ವಿಶ್ವಕಪ್‌ನಲ್ಲಿ ಸ್ಪೇನ್ ಕೋಚ್ ವಿಸೆಂಟೆ ಡೆಲ್ ಬೋಸ್ಕೆಗೂ ಇದೇ ಬೈಗುಳ ಬಿದ್ದಿತ್ತು. ಮೊದಲ ಪಂದ್ಯದಲ್ಲೇ ಸ್ವಿಟ್ಜರ್ಲೆಂಡ್ ಎದುರು 0-1 ಸೋಲು. ಬುಸ್ಕೆಟ್ಸ್, ಷಾಬಿ ಅಲೊನ್ಸೊ ಇಬ್ಬರೂ ಯಾಕೆ, ಒಬ್ಬ ಸಾಲದೇ ಅಂತ ಎಲ್ಲರೂ ಮುಗಿಬಿದ್ದರು. ಆ ಮನುಷ್ಯ ಜಗ್ಗಲಿಲ್ಲ. ಇಬ್ಬರನ್ನೂ ಹಾಗೇ ಇಟ್ಟುಕೊಂಡ. ನಾಕೌಟ್‌ನ ನಾಲ್ಕು ಪಂದ್ಯಗಳನ್ನೂ 1-0ಯಿಂದ ಗೆದ್ದು ಕಪ್ ಎತ್ತಿದರು. ನಾಲ್ಕು ಪಂದ್ಯದಲ್ಲಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ನೋಡಲು ಬೋರ್ ಅಂತ ನೀನು ಅನ್ನಬಹುದು. ಕಪ್ ನೋಡಲು ಬೋರ್ ಆಗುತ್ತಾ?

ಇದಕ್ಕೆ ತದ್ವಿರುದ್ಧ 2021ರ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ಕಪ್) ಫೈನಲ್. ಮ್ಯಾಂಚೆಸ್ಟರ್ ಸಿಟಿ ಕೋಚ್ ಪೆಪ್ ಗ್ವಾರ್ಡಿಯೋಲಾ ರೋಡ್ರಿಯನ್ನೂ ಫರ್ನಾಂಡಿನ್ಯೊವನ್ನೂ ಬೆಂಚಿನಲ್ಲಿ ಕೂರಿಸಿ ಪಂದ್ಯ ಶುರುಮಾಡಿದ. ಡಿಫೆನ್ಸಿವ್ ಮಿಡ್‌ಫೀಲ್ಡರ್ ಅಂತ ಒಬ್ಬನೂ ಮೈದಾನದಲ್ಲಿಲ್ಲ. ಚೆಲ್ಸಿಯ ಕೈ ಹಾವರ್ಟ್ಜ್ ಮೊದಲಾರ್ಧದಲ್ಲಿ ಹೊಡೆದ ಒಂದೇ ಗೋಲಿನಿಂದ ಮ್ಯಾಂಚೆಸ್ಟರ್ ಸಿಟಿ ಸೋತಿತು. ಪಟ್ಟಿ ಹೊರಬಂದಾಗಲೇ ಎಷ್ಟೋ ಜನ ಹುಬ್ಬೇರಿಸಿದ್ದರು. ಗೆದ್ದಿದ್ದರೆ ಅದನ್ನೇ ಮಾಸ್ಟರ್‌ಸ್ಟ್ರೋಕ್ ಅಂತ ಹೊಗಳುತ್ತಿದ್ದರು, ಅದೂ ನಿಜ. ಆದರೂ ನಮ್ಮ ಕೋಚ್ ಅಷ್ಟೊಂದು ಬುದ್ಧಿವಂತಿಕೆ ತೋರಿಸುವುದು ಬೇಡ ಅಂತ ನನ್ನ ಬೇಡಿಕೆ.

ಹಾಗಾದರೆ ಯಾರು ಕೂರಬೇಕು? ಎರಡನೇ ಸ್ಟ್ರೈಕರ್ ಕೂರಬೇಕು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಇಬ್ಬರೂ ಒಂದೇ ಜಾಗಕ್ಕೆ ಓಡುತ್ತಾರೆ, ಅಂಚಿನಿಂದ ಬರುವ ಒಂದೇ ಕ್ರಾಸ್‌ಗೆ ಇಬ್ಬರೂ ಹಾರುತ್ತಾರೆ. ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನಿನಗೆ ಕೋಪ ಬರುತ್ತದೆ: ಹುಡುಗನೂ ಮೊದಲು ಕೂರಲಿ.

'ಪೆಲೆಯನ್ನೂ ಹೀಗೇ ಕೂರಿಸುತ್ತಿದ್ದೆಯಾ' ಅಂತ ನೀನು ಬರೆದಿದ್ದೀಯ. ಒಳ್ಳೇ ಉದಾಹರಣೆ ಹಿಡಿದೆ ಮಾರಾಯ. 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್‌ನ ಮೊದಲ ಎರಡು ಪಂದ್ಯದಲ್ಲಿ ಪೆಲೆ ಆಡಲೇ ಇಲ್ಲ. ಅವನಿಗೆ ಮಂಡಿ ನೋವಿತ್ತು. ತಂಡದ ಇನ್ನೊಬ್ಬ ಆಟಗಾರ ಗ್ಯಾರಿಂಚನಿಗೂ ಜಾಗ ಸಿಕ್ಕಿರಲಿಲ್ಲ. ಇಂಗ್ಲೆಂಡ್ ಎದುರು 0-0 ಆದ ಮೇಲೆ, ಸೋವಿಯತ್ ಒಕ್ಕೂಟದ ಎದುರಿನ ಮೂರನೇ ಪಂದ್ಯಕ್ಕೆ ಇಬ್ಬರೂ ಬಂದರು. ಬ್ರೆಜಿಲ್ 2-0 ಗೆದ್ದಿತು. ಆಮೇಲಿನದು ನಿನಗೆ ಗೊತ್ತೇ ಇದೆ, ಫೈನಲ್‌ನಲ್ಲಿ ಸ್ವೀಡನ್ ಎದುರು 5-2. ಪೆಲೆಗೆ ಆಗ 17 ವರ್ಷ. ಹುಡುಗರಿಗೆ ಅವಕಾಶ ಕೊಡಬಾರದು ಅಂತ ನನ್ನ ವಾದವಲ್ಲ. ಆಗ ಸಬ್‌ಸ್ಟಿಟ್ಯೂಟ್ ಅನ್ನುವುದೇ ಇರಲಿಲ್ಲ. ವಿಶ್ವಕಪ್‌ನಲ್ಲಿ ಆಟಗಾರರನ್ನು ಬದಲಿಸಲು ಬಿಟ್ಟದ್ದು 1970ರಿಂದ. ಹಾಗಾಗಿ ಆಡಿಸಿದರೆ ಮೊದಲಿನಿಂದ ಆಡಿಸಬೇಕು, ಇಲ್ಲದಿದ್ದರೆ ಇಲ್ಲ. ಈಗ ಐದು ಜನರನ್ನು ಬದಲಿಸಬಹುದು. ಅರವತ್ತು ನಿಮಿಷ ಓಡಿ ಸುಸ್ತಾದ ರೈಟ್ ಬ್ಯಾಕ್ (ಅವರ ಬಲಗಡೆಯ ಡಿಫೆಂಡರ್) ಎದುರು ಆ ಹುಡುಗನ ಕಾಲುಗಳನ್ನು ಬಿಟ್ಟು ನೋಡು. ಮೊದಲ ನಿಮಿಷದಲ್ಲಿ ಹುರುಪಿನಲ್ಲಿರುವ ಡಿಫೆಂಡರ್ ಎದುರು ಎರಡು ಸಲ ಚೆಂಡು ಕಳೆದುಕೊಂಡರೆ ನಮ್ಮ ಜನವೇ ಅವನಿಗೆ ಶಿಳ್ಳೆ ಹೊಡೆಯುತ್ತಾರೆ. ನೀನೂ ಹೊಡೆಯುತ್ತೀಯ.

ಕ್ಯಾಪ್ಟನ್ ವಿಷಯ ಕಷ್ಟದ್ದು. ಅವನನ್ನು ಕೂರಿಸು ಅಂತ ಹೇಳಲು ನನಗೂ ಗಂಟಲು ಕಟ್ಟುತ್ತದೆ. 2022ರ ವಿಶ್ವಕಪ್‌ನಲ್ಲಿ ಪೋರ್ಚುಗಲ್ ಕೋಚ್ ಫರ್ನಾಂಡೊ ಸಾಂಟೋಸ್ ನಾಕೌಟ್ ಪಂದ್ಯದಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊನನ್ನೇ ಬೆಂಚಿನಲ್ಲಿ ಕೂರಿಸಿದ. ಬದಲಿಗೆ ಬಂದ ಗೊನ್ಸಾಲೊ ರಾಮೋಸ್ ಹ್ಯಾಟ್ರಿಕ್ ಹೊಡೆದ, ಸ್ವಿಟ್ಜರ್ಲೆಂಡ್ ಎದುರು 6-1. ಎಲ್ಲರೂ ಸಾಂಟೋಸ್‌ಗೆ ಜೈ ಅಂದರು. ಮುಂದಿನ ಪಂದ್ಯಕ್ಕೂ ಅದೇ ಲೆಕ್ಕ, ರೊನಾಲ್ಡೊ ಬೆಂಚಿನಲ್ಲಿ. ಮೊರಾಕೊ 1-0 ಗೆದ್ದು ಪೋರ್ಚುಗಲ್ಲನ್ನು ಮನೆಗೆ ಕಳಿಸಿತು. ಒಂದೇ ನಿರ್ಧಾರ, ಒಂದೇ ವಾರದೊಳಗೆ ಎರಡು ತೀರ್ಪು. ಹೆಸರು ನೋಡಿ ಆಡಿಸಬಾರದು, ಹೆಸರು ನೋಡಿ ತೆಗೆಯಲೂ ಬಾರದು. ನಮ್ಮ ಕ್ಯಾಪ್ಟನ್‌ಗೆ ವೇಗ ಹೋಗಿದೆ, ಸರಿ. ಆದರೆ ಕಾರ್ನರ್, ಫ್ರೀ ಕಿಕ್ ಹೊಡೆಯಲು ಇವತ್ತಿಗೂ ಅವನಿಗಿಂತ ಒಳ್ಳೆಯವನು ನಮ್ಮಲ್ಲಿಲ್ಲ. ಹಿಂದೆ ಇಬ್ಬರು ಕಾವಲಿದ್ದರೆ ಅವನು ಓಡುವುದು ಕಮ್ಮಿಯಾದರೂ ನಡೆಯುತ್ತದೆ. ಅವನನ್ನು ಉಳಿಸಿಕೊಳ್ಳುವುದಕ್ಕೇ ನನಗೆ ಆ ಇಬ್ಬರು ಬೇಕಾಗಿರುವುದು. ಅಂದರೆ 4-2-3-1. ಹೇಡಿತನ ಅಂದೆಯಲ್ಲ, ಅದು ನಿನ್ನ ಕ್ಯಾಪ್ಟನ್‌ಗಾಗಿ!

ಮೂವರು ಸೆಂಟರ್ ಬ್ಯಾಕ್‌ಗಳನ್ನು ಹಾಕೋಣ ಅನ್ನುವವರೂ ಇದ್ದಾರೆ. ಕೋಚ್ ಆಂಟೊನಿಯೊ ಕಾಂಟೆಯ ಚೆಲ್ಸಿಯನ್ನು ತೋರಿಸುತ್ತಾರೆ. 2016ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಎದುರು 0-3 ಸೋತ ಮೇಲೆ ಕಾಂಟೆ 3-4-3ಕ್ಕೆ ಬದಲಾದ, ಲೀಗ್‌ನಲ್ಲಿ ಸತತ 13 ಪಂದ್ಯ ಗೆದ್ದ, ಕೊನೆಗೆ ಚಾಂಪಿಯನ್ ಆದ. ಎಲ್ಲ ಸರಿ. ಆದರೆ ಅದು ನಡೆದದ್ದು ವಿಕ್ಟರ್ ಮೋಸೆಸ್‌ನಂಥವನು ಸಿಕ್ಕಿದ್ದರಿಂದ. ವರ್ಷಗಟ್ಟಲೆ ಬೇರೆ ಕ್ಲಬ್‌ಗಳಿಗೆ ಲೋನ್ ಮೇಲೆ, ಅಂದರೆ ಎರವಲಾಗಿ, ಓಡಾಡುತ್ತಿದ್ದ ವಿಂಗರ್ ಅವನು, ಮೈದಾನದ ಅಂಚಿನಲ್ಲಿ ಮುಂದೆ ಆಡುವವನು. ಕಾಂಟೆ ಅವನನ್ನು ರೈಟ್ ವಿಂಗ್ ಬ್ಯಾಕ್ ಮಾಡಿದ, ಇಡೀ ಸೈಡನ್ನು ಒಬ್ಬನೇ ಮೇಲೆ ಕೆಳಗೆ ಓಡಿ ಹಿಡಿದಿಟ್ಟ. ನಮ್ಮಲ್ಲಿ ಹಾಗೆ ಓಡುವವನು ಯಾರಿದ್ದಾನೆ? ಆಳು ಇಲ್ಲದೆ ಸಿಸ್ಟಮ್ ತಂದರೆ ಏನು ಬಂತು.

ಕೊನೇ ಹತ್ತು ನಿಮಿಷ ನಮ್ಮ ಎತ್ತರದ ಸ್ಟಾಪರ್‌ನನ್ನು (ಸೆಂಟರ್ ಬ್ಯಾಕ್) ಸೆಂಟರ್ ಫಾರ್ವರ್ಡ್ ಮಾಡೋಣ ಅಂತ ಬರೆದಿದ್ದೀಯಲ್ಲ, ಅದು ಮಾತ್ರ ನನಗೆ ಇಷ್ಟವಾಯಿತು. ಎಲ್ಲರೂ ನಗುತ್ತಾರೆ, ನಗಲಿ. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಭಾರತ ತಂಡದ ಕೋಚ್ ಎಸ್. ಎ. ರಹೀಮ್ ಮಾಡಿದ್ದು ಅದನ್ನೇ. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಮ್ ಅವನನ್ನು ಹೊರಗಿಡುವ ಬದಲು ಮುಂದಕ್ಕೆ ಕಳಿಸಿದರು. ಸೆಮಿಫೈನಲ್‌ನಲ್ಲೂ ಗೋಲು, ಫೈನಲ್‌ನಲ್ಲೂ ಗೋಲು. ಮೊದಲ ಪಂದ್ಯದಲ್ಲಿ ನಮ್ಮನ್ನು 2-0ಯಿಂದ ಸೋಲಿಸಿದ್ದ ದಕ್ಷಿಣ ಕೊರಿಯಾವನ್ನೇ ಫೈನಲ್‌ನಲ್ಲಿ 2-1ರಿಂದ ಸೋಲಿಸಿ ಚಿನ್ನ ತಂದರು. ಇನ್ನೊಂದು ಗೋಲು ಪಿ. ಕೆ. ಬ್ಯಾನರ್ಜಿಯದು. ಪಟ್ಟಿ ಹೊರಬಿದ್ದಾಗ ಆ ಕಾಲದ ಅಭಿಮಾನಿಗಳು ಏನೇನು ಗೊಣಗಿದರೋ, ಕೇಳಬೇಕಿತ್ತು.

ಇನ್ನು ಲೆಫ್ಟ್ ಬ್ಯಾಕ್, ಅಂದರೆ ಹಿಂದೆ ಎಡಗಡೆ ಕಾಯುವವನು. ನಿನ್ನ ಪತ್ರದಲ್ಲಿ ಮುಂದಿನ ನಾಲ್ವರ ಬಗ್ಗೆ ಪುಟಗಟ್ಟಲೆ ಇದೆ. ಲೆಫ್ಟ್ ಬ್ಯಾಕ್ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮ ಕಾಯಂ ಆಟಗಾರ ಕಾರ್ಡ್ ತಿಂದು ಹೊರಗಿದ್ದಾನೆ ಅನ್ನುವುದು ಮರೆತೇ ಹೋಯಿತಾ? ಅವರ ಅತಿ ಅಪಾಯದ ಆಟಗಾರ ಬರುವುದೇ ಆ ಕಡೆಯಿಂದ. ರೈಟ್ ವಿಂಗ್‌ನಲ್ಲಿ ಆಡುವ ಎಡಗಾಲಿನವನು. ಗೆರೆ ಹಿಡಿದು ಓಡುವುದಿಲ್ಲ, ಒಳಗೆ ತಿರುಗಿ ಎಡಗಾಲಲ್ಲಿ ಬಾರಿಸುತ್ತಾನೆ. ಬಲಗಾಲಿನ ಡಿಫೆಂಡರ್‌ನನ್ನು ಅಲ್ಲಿ ಹಾಕೋಣ ಅಂತ ನನ್ನ ಸಲಹೆ. ವಿಂಗರ್ ಒಳಗೆ ತಿರುಗಿದಾಗ ಅಡ್ಡ ಬರುವುದು ಡಿಫೆಂಡರ್‌ನ ಬಲಗಾಲು, ಅವನ ಗಟ್ಟಿ ಕಾಲು. 2007ರಲ್ಲಿ ಲಿವರ್‌ಪೂಲ್ ಬಾರ್ಸಿಲೋನಾಕ್ಕೆ ಹೋದಾಗ ಅವರ ಕೋಚ್ ರಫಾ ಬೆನಿಟೆಜ್ ಮೆಸ್ಸಿ ಎದುರು ಹೂಡಿದ ಆಟ ಇದೇ. ಬಲಗಾಲಿನ ಆರ್ಬೆಲೋವಾನನ್ನು ಲೆಫ್ಟ್ ಬ್ಯಾಕ್ ಮಾಡಿದ, ಲಿವರ್‌ಪೂಲ್ 2-1 ಗೆದ್ದಿತು. ನಮ್ಮ ಎಡಗಡೆಯಿಂದ ಕ್ರಾಸ್ ಕಡಿಮೆಯಾಗುತ್ತದೆ, ಗೊತ್ತು. ನೀನು ಒಪ್ಪುವುದಿಲ್ಲ, ಅದೂ ಗೊತ್ತು. ಸುಮ್ನೆ 'ಬೇಡ' ಅನ್ನಬೇಡ, ಅವನ ಬದಲು ಯಾರು ಅಂತ ಹೆಸರು ಬರೆದು ಕಳಿಸು. ಪಂದ್ಯಕ್ಕೆ ಮುಂಚೆಯೇ ಕಳಿಸು, ಮುಗಿದ ಮೇಲೆ ಅಲ್ಲ.

ನಿನ್ನ,
ಬೆಂಚಿನಲ್ಲಿ ಕೂರಿಸುವ ಗೆಳೆಯ