ಮುಹೂರ್ತಕ್ಕೆ ಮುಂಚೆ ಕಾಗದ

ತುಮಕೂರು

ಪ್ರೀತಿಯ ಮಗಳೇ,

ದೊಡ್ಡಪ್ಪನ ಆಶೀರ್ವಾದ. ಹುಡುಗ ಜರ್ಮನಿಯವನು ಅಂತ ನಿಮ್ಮಪ್ಪ ಹೇಳಿದಾಗ ನನಗೆ ಗಾಬರಿ ಆಗಲಿಲ್ಲ. ನೀನು ಯೋಚಿಸದೆ ಹೆಜ್ಜೆ ಇಡುವವಳಲ್ಲ. ಗಾಬರಿ ಆದದ್ದು ಮುಂದಿನ ಮಾತಿಗೆ. ಅವನಿಗೆ ಹದಿನೈದು ದಿನ ರಜೆ, ಅಷ್ಟರಲ್ಲಿ ದೇವರಾಯನದುರ್ಗದಲ್ಲಿ ತಾಳಿ ಕಟ್ಟಿಸಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿಸಿಬಿಡೋಣ ಅಂತ ಮಾತಾಡಿಕೊಂಡಿದ್ದೀರಂತೆ. ಅದು ಆಗುವುದಿಲ್ಲ. ಅಂಥ ಆಫೀಸಿನ ಎದುರೇ ಕೂತು ಪತ್ರ ಬರೆದು ಸಂಸಾರ ನಡೆಸಿದವನು ನಾನು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಹಿಂದೂ ವಿವಾಹ ಕಾಯ್ದೆ ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ. ನಿಮಗೆ ಅನ್ವಯಿಸುವುದು 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ ಮೊದಲು ನೋಟಿಸ್ ಕೊಡಬೇಕು, ಅದಕ್ಕೆ ಇಬ್ಬರ ಸಹಿಯೂ ಬೇಕು. ನೋಟಿಸ್ ಕೊಡುವ ಜಿಲ್ಲೆಯಲ್ಲಿ ನಿಮ್ಮಿಬ್ಬರಲ್ಲಿ ಒಬ್ಬರಾದರೂ ಹಿಂದಿನ 30 ದಿನ ವಾಸ ಇದ್ದಿರಬೇಕು. ಆಮೇಲೆ ಆಕ್ಷೇಪಣೆಗೆ ಅಂತ ಇನ್ನೂ 30 ದಿನ ಕಾಯಬೇಕು. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಅದು ರದ್ದು, ಮತ್ತೆ ಮೊದಲಿಂದ ಶುರು. ತಾಳಿ ಮೊದಲು ಕಟ್ಟಿಸಿ ಆಮೇಲೆ ನೋಂದಣಿಗೆ ಹೋದರೂ ಈ 30 ದಿನ ತಪ್ಪುವುದಿಲ್ಲ. ಪುರೋಹಿತರು ಒಳ್ಳೆಯ ದಿನ ಹುಡುಕಲಿ, ಬೇಡ ಅನ್ನುವುದಿಲ್ಲ. ಆದರೆ ಈ ಲೆಕ್ಕದ ಒಳಗೇ ಹುಡುಕಲಿ.

ಅವನೂ ಅವನ ಊರಿನ ನೋಂದಣಿ ಕಚೇರಿಯಿಂದ ಮದುವೆಗೆ ಅಡ್ಡಿ ಇಲ್ಲ ಎಂಬ ಪ್ರಮಾಣಪತ್ರ ತರಬೇಕು. ಅದಕ್ಕೆ ಆರೇ ತಿಂಗಳು ಆಯಸ್ಸು. ಅದನ್ನು ಕೊಡುವ ಮುಂಚೆ ಅಲ್ಲಿಯವರು ನಿನ್ನ ಕಾಗದಗಳನ್ನೂ ನೋಡುತ್ತಾರೆ. ನನಗೆ ಯೋಚನೆ ಹತ್ತಿರುವುದು ಇಲ್ಲೇ.

ಮೊನ್ನೆ ನಿಮ್ಮಪ್ಪನ ಹತ್ತಿರ ನಿನ್ನ ಕಾಗದಗಳನ್ನೆಲ್ಲ ತರಿಸಿ ಟೇಬಲ್ ಮೇಲೆ ಹರವಿಕೊಂಡು ಕೂತೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಿನ್ನ ಹೆಸರಿಗೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೇ ಸರ್‌ನೇಮ್ ಆಗಿ ಕೂತಿದೆ. ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ. ಜನನ ಪ್ರಮಾಣಪತ್ರದಲ್ಲಿ ನಿಮ್ಮಮ್ಮ ಜಯಮ್ಮ, ಪಾಸ್‌ಪೋರ್ಟ್‌ನಲ್ಲಿ ಜಯಲಕ್ಷ್ಮಿ. ತವರಿನಲ್ಲಿ ಕರೆಯುತ್ತಿದ್ದ ಹೆಸರನ್ನು ಆಸ್ಪತ್ರೆಯಲ್ಲಿ ಯಾರೋ ಬರೆಸಿದ್ದಾರೆ, ಅಷ್ಟೇ. ನಮ್ಮ ಕಡೆ ಎಷ್ಟು ಮನೆಯಲ್ಲಿಲ್ಲ ಇದು, ಅಲ್ವಾ? ಆದರೆ ಪರದೇಶದ ಅಧಿಕಾರಿಗೆ ಜಯಮ್ಮ ಬೇರೆ, ಜಯಲಕ್ಷ್ಮಿ ಬೇರೆ.

ಒಂದು ಅಫಿಡವಿಟ್ ಮಾಡಿಸಿದರೆ ಆಯ್ತು ಅಂತ ಯಾರಾದರೂ ಹೇಳಿದರೆ ಅಷ್ಟಕ್ಕೇ ನಿಲ್ಲಬೇಡ. ಮೂಲ ದಾಖಲೆಯೇ ಸರಿಯಾಗಲಿ. ಪಾಲಿಕೆಯ ಜನನ ಮರಣ ನೋಂದಣಿ ವಿಭಾಗಕ್ಕೆ ಅಮ್ಮನ ಹೆಸರಿನ ತಿದ್ದುಪಡಿಗೆ ಈ ವಾರವೇ ಅರ್ಜಿ ಹಾಕು. ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸು. ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕು ಅಂತ ಯಾವ ಕಾನೂನೂ ಇಲ್ಲ. ವೀಸಾ ಮುಗಿಯುವವರೆಗಾದರೂ ಅದರ ತಂಟೆಗೆ ಹೋಗಬೇಡ.

ಅಪಾಸ್ಟಿಲ್, ಅಂದರೆ ನಮ್ಮ ಕಾಗದವನ್ನು ಹೊರದೇಶದವರು ಒಪ್ಪಲು ಹಾಕುವ ಸರ್ಕಾರಿ ಮುದ್ರೆ, ಮಾಡಿಸಿಕೊಡ್ತೀವಿ ಅಂತ ಏಜೆಂಟರು ಬರುತ್ತಾರೆ. ಆ ಮುದ್ರೆಯ ಅಂತರರಾಷ್ಟ್ರೀಯ ಒಪ್ಪಂದ ಭಾರತಕ್ಕೆ 2005ರಿಂದ ಜಾರಿಯಲ್ಲಿದೆ, ಬೇರೆ ಎಷ್ಟೋ ದೇಶಗಳಿಗೆ ಆ ಮುದ್ರೆ ಸಾಕು. ಜರ್ಮನಿ ಮಾತ್ರ ನಮ್ಮ ವಿಷಯದಲ್ಲಿ ಆಕ್ಷೇಪಣೆ ಹಾಕಿತು. ಹಾಗಾಗಿ ಅಲ್ಲಿಯ ಕಚೇರಿ ಬೇಕೆಂದರೆ ಅವರ ರಾಯಭಾರ ಕಚೇರಿ ಮೂಲಕ ಇಲ್ಲಿ ಜನ ಕಳಿಸಿ ಕಾಗದ ನಿಜವೋ ಸುಳ್ಳೋ ಅಂತ ವಿಚಾರಿಸುತ್ತಾರೆ. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಏನೇನು ಬೇಕು ಅಂತ ಹುಡುಗನೇ ತನ್ನ ಊರಿನ ಕಚೇರಿಯಲ್ಲಿ ಬರಹದಲ್ಲಿ ಕೇಳಿ ತರಲಿ. ಅಲ್ಲಿಯವರೆಗೆ ಯಾವ ಏಜೆಂಟನಿಗೂ ಸುಮ್ನೆ ದುಡ್ಡು ಕೊಡಬೇಡ.

ಮದುವೆ ಆದ ಮಾತ್ರಕ್ಕೆ ವೀಸಾ ಕೈಗೆ ಬರುವುದಿಲ್ಲ. ಗಂಡ ಜರ್ಮನ್ ಪ್ರಜೆಯಾದರೂ ಸಾಮಾನ್ಯವಾಗಿ ಹೆಂಡತಿಗೆ ಎ1, ಅಂದರೆ ಆರಂಭದ ಮಟ್ಟದ, ಜರ್ಮನ್ ಭಾಷಾ ಪರೀಕ್ಷೆ ಇರುತ್ತದೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಸುತ್ತಾರೆ, ಈಗಲೇ ಸೇರಿಕೋ.

ಇನ್ನೊಂದು ಮಾತು. ಅವನ ಮೇಲೆ ಅನುಮಾನದಿಂದ ಹೇಳುತ್ತಿಲ್ಲ, ಅವನು ನಮ್ಮೂರಿನವನೇ ಆಗಿದ್ದರೂ ಹೇಳುತ್ತಿದ್ದೆ. ಪಾಸ್‌ಪೋರ್ಟ್, ಮದುವೆ ಪ್ರಮಾಣಪತ್ರದ ಒಂದು ಪ್ರತಿ, ಡಿಗ್ರಿ ಸರ್ಟಿಫಿಕೇಟ್ ಯಾವಾಗಲೂ ನಿನ್ನ ಬೀಗದಲ್ಲೇ ಇರಲಿ. ಅಲ್ಲಿ ಸಾಮಾನ್ಯವಾಗಿ ಮೂರು ವರ್ಷ ಜೊತೆಗೆ ಸಂಸಾರ ಮಾಡಿದ ಮೇಲೆಯೇ ನಿನಗೆ ಸ್ವಂತವಾಗಿ ಉಳಿಯುವ ಹಕ್ಕು ಬರುವುದು. ದೌರ್ಜನ್ಯದಂಥ ಕಷ್ಟ ಇದ್ದರೆ ಅದಕ್ಕೂ ಮುಂಚೆ ಕೇಳಬಹುದು. 116 016 ಅಲ್ಲಿಯ ಹೆಣ್ಣುಮಕ್ಕಳ ಸಹಾಯವಾಣಿ. ಬರೆದಿಟ್ಟುಕೋ.

ಪೌರತ್ವಕ್ಕೆ ಅವಸರ ಬೇಡ. ಜರ್ಮನಿ 2024ರ ಜೂನ್‌ನಿಂದ ಎರಡು ಪೌರತ್ವ ಒಪ್ಪುತ್ತದೆ, ನಮ್ಮ ದೇಶ ಒಪ್ಪುವುದಿಲ್ಲ. ಅಲ್ಲಿಯದು ತಗೊಂಡ ದಿನವೇ ಇಲ್ಲಿಯದು ಹೋಗುತ್ತದೆ, ಆಮೇಲೆ ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಅಷ್ಟೇ.

ಜಮೀನಿನ ಮಾತೂ ಮನೆಯಲ್ಲಿ ಎದ್ದಿದೆ, ಗೊತ್ತು. ವಿಶೇಷ ವಿವಾಹ ಕಾಯ್ದೆಯಡಿ ಹಿಂದೂ ಅಲ್ಲದವನನ್ನು ಮದುವೆಯಾದರೆ ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ ಲೆಕ್ಕ. ಬೇರೆಯಾಗುವುದು ಅಂದರೆ ಪಾಲು ಕಳೆದುಕೊಳ್ಳುವುದಲ್ಲ. ಕರ್ನಾಟಕದಲ್ಲಿ 1994ರಿಂದಲೇ ಹೆಣ್ಣುಮಕ್ಕಳಿಗೆ ಸಮಪಾಲು ಬಂದಿದೆ. ಯಾರು ಏನೇ ಅಂದರೂ ಹಕ್ಕು ಬಿಡುಗಡೆ ಪತ್ರಕ್ಕೆ ನನ್ನನ್ನು ಕೇಳದೆ ಸಹಿ ಹಾಕಬೇಡ.

ಹುಡುಗ ಬಂದಾಗ ನಮ್ಮ ಮನೆಯಲ್ಲೇ ಉಳಿಯಲಿ. ವಿದೇಶದವರು ಮನೆಗೆ ಬಂದರೂ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ತುಂಬಬೇಕು, ಅದನ್ನು ನಾನು ನೋಡಿಕೊಳ್ಳುತ್ತೇನೆ. ಅವನ ಪಾಸ್‌ಪೋರ್ಟ್, ವೀಸಾ ಪುಟದ ಫೋಟೋ ಮೊದಲೇ ಕಳಿಸು. ಮದುವೆಯ ಸಹಿಗೆ ಮೂರು ಸಾಕ್ಷಿ ಬೇಕು. ನಾನು, ನಿನ್ನ ದೊಡ್ಡಮ್ಮ ಇದ್ದೇವೆ. ಮೂರನೆಯವರು ಯಾರು ಅಂತ ನೀನೇ ಹೇಳು.

ನಿನ್ನ ದೊಡ್ಡಪ್ಪ